ತನ್ನ ಜನರ ಮಾತಿನಲ್ಲಿ ವಿಜ್ಞಾನ ಬರೆದ ಗೆಲಿಲಿಯೊ

ಬಾವಿಯ ಬಾಯಿಯಿಂದ ಒಂದು ಕಲ್ಲನ್ನು ಕೈಬಿಡಲಾಗಿದೆ. ಅದು ನೀರಿಗೆ ಬಿದ್ದ ಸದ್ದು ಎರಡು ಸೆಕೆಂಡುಗಳ ಬಳಿಕ ಮೇಲೆ ಕೇಳಿಸುತ್ತದೆ. ಹಾಗಾದರೆ ನೀರು ಎಷ್ಟು ಆಳದಲ್ಲಿದೆ? ಕಾಲೇಜಿನಲ್ಲಿ ಭೌತಶಾಸ್ತ್ರದ ವ್ಯಾಸಂಗವನ್ನು ಆರಂಭಿಸುವ ವಿದ್ಯಾರ್ಥಿಗೆ ಮೊದಲ ದಿನಗಳಲ್ಲಿಯೇ ಎದುರಾಗುವ ಲೆಕ್ಕಗಳಲ್ಲಿ ಇದೂ ಒಂದು. ಸದ್ದು ಮೇಲೇರಿ ಬರಲು ತಗಲುವ ಕಾಲವನ್ನು ಗಣನೆಗೆ ತೆಗೆದುಕೊಳ್ಳದಿದ್ದರೆ 19.6 ಮೀಟರ್ ಎಂಬ ಉತ್ತರ ಬರುತ್ತದೆ; ತೆಗೆದುಕೊಂಡರೆ ಸುಮಾರು 18.5 ಮೀಟರ್.

ಕಾಸರಗೋಡಿನ ಈ ಗಡಿನಾಡಿನಲ್ಲಿ ಬಾವಿ ಯಾವ ಮಗುವಿಗೂ ಹೊಸತಲ್ಲ. ಬಾವಿಗೆ ಕಲ್ಲು ಹಾಕಿ ಬೈಸಿಕೊಳ್ಳದೆ ಬೆಳೆದ ಮಕ್ಕಳೂ ಇಲ್ಲಿ ವಿರಳ. ಆದರೂ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಮುಂದೆ ಪ್ಲಸ್ ಟು ತರಗತಿಯಲ್ಲಿ ಇಂತಹುದೇ ಲೆಕ್ಕವನ್ನು ಇಂಗ್ಲಿಷಿನಲ್ಲಿ ಕಾಣುವಾಗ ನಮ್ಮ ಎಷ್ಟೋ ಮಕ್ಕಳಿಗೆ ಅದೇ ಬಾವಿ ಅಪರಿಚಿತವಾಗಿ ತೋರುತ್ತದೆ. ಶಾಲೆಗೆ ಮಕ್ಕಳನ್ನು ಸೇರಿಸಲು ಬರುವ ಹೆತ್ತವರು ನಮ್ಮಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಯೂ ಇದಕ್ಕೆ ಸಂಬಂಧಿಸಿದುದೇ. ಕನ್ನಡದಲ್ಲಿ ಕಲಿತ ಮಗು ನಾಳೆ ವಿಜ್ಞಾನವನ್ನು ಹೇಗೆ ಓದೀತು? ಸಾಹಿತ್ಯವನ್ನು ಓದಿ ಈ ವೃತ್ತಿಗೆ ಬಂದ ನಮಗೆ ಇದಕ್ಕೆ ವಿಜ್ಞಾನಿಯ ಉತ್ತರವನ್ನು ಕೊಡುವ ಅಧಿಕಾರವಿಲ್ಲ. ಆದುದರಿಂದ ಬಾವಿಯ ಲೆಕ್ಕದ ಹಿಂದಿರುವ ನಿಯಮವನ್ನು ಜಗತ್ತಿಗೆ ಕೊಟ್ಟ ಗೆಲಿಲಿಯೊನ ಬದುಕನ್ನೇ ಈ ಶತಮಾನೋತ್ಸವದ ಸಂಚಿಕೆಯಲ್ಲಿ ನೆನೆಯಲು ಬಯಸಿದ್ದೇವೆ.

ಗೆಲಿಲಿಯೊ ಗೆಲಿಲಿ ಹುಟ್ಟಿದುದು 1564ರ ಫೆಬ್ರವರಿ 15ರಂದು, ಇಟಲಿಯ ಪೀಸಾ ನಗರದಲ್ಲಿ. ತಂದೆ ವಿನ್ಚೆಂಜೊ ಲ್ಯೂಟ್ ಎಂಬ ತಂತಿವಾದ್ಯವನ್ನು ನುಡಿಸುತ್ತಿದ್ದ ಕಲಾವಿದ, ಸಂಗೀತಶಾಸ್ತ್ರಜ್ಞ. ತಂತಿಗೆ ಕಟ್ಟಿದ ತೂಕವನ್ನು ಎರಡು ಪಟ್ಟು ಮಾಡಿದರೆ ಆಧಾರ ಷಡ್ಜದಿಂದ ತಾರ ಷಡ್ಜ ದೊರೆಯುತ್ತದೆ ಎಂದು ಶತಮಾನಗಳಿಂದ ಪಂಡಿತರು ಬರೆದುಕೊಂಡು ಬಂದಿದ್ದರು. ವಿನ್ಚೆಂಜೊ ತೂಕಗಳನ್ನು ತೂಗುಹಾಕಿ ಸ್ವತಃ ಪರೀಕ್ಷಿಸಿದ. ತೂಕವನ್ನು ನಾಲ್ಕು ಪಟ್ಟು ಮಾಡಿದಾಗ ಮಾತ್ರ ಆ ಸ್ವರ ನುಡಿಯಿತು. ಗ್ರಂಥದ ಮಾತನ್ನು ತಂತಿಯ ಬಳಿಯೇ ಕೇಳಿ ತಿಳಿಯುವ ಈ ಮನೋಧರ್ಮ ಮಗನಿಗೆ ಪಿತ್ರಾರ್ಜಿತವಾಗಿ ಬಂದ ಆಸ್ತಿ. ತಂದೆ 1581ರಲ್ಲಿ ಪ್ರಕಟಿಸಿದ ಸಂಗೀತಗ್ರಂಥವೂ ಸಂವಾದದ ರೂಪದಲ್ಲಿತ್ತು, ಇಟಾಲಿಯನ್ ಭಾಷೆಯಲ್ಲಿತ್ತು. ಮಗನ ಮಹಾಗ್ರಂಥಗಳೂ ಮುಂದೆ ಅದೇ ದಾರಿಯನ್ನು ಹಿಡಿದವು.

ಅದೇ ವರ್ಷ ಗೆಲಿಲಿಯೊ ವೈದ್ಯವಿದ್ಯೆಗಾಗಿ ಪೀಸಾ ವಿಶ್ವವಿದ್ಯಾಲಯವನ್ನು ಸೇರಿದ. ಆದರೆ ಯೂಕ್ಲಿಡ್ ಮತ್ತು ಆರ್ಕಿಮಿಡೀಸರ ಗಣಿತ ಆತನ ಮನಸ್ಸನ್ನು ಸೆರೆಹಿಡಿಯಿತು. 1585ರಲ್ಲಿ ಪದವಿಯಿಲ್ಲದೆಯೇ ವಿಶ್ವವಿದ್ಯಾಲಯವನ್ನು ಬಿಟ್ಟುಬಂದ. ಮರುವರ್ಷ, ವಸ್ತುಗಳನ್ನು ನೀರಿನಲ್ಲಿ ತೂಗಿ ಅವುಗಳ ಸಾಂದ್ರತೆಯನ್ನು ಕಂಡುಹಿಡಿಯುವ ಸಣ್ಣ ತಕ್ಕಡಿಯೊಂದರ ಕುರಿತು ಇಟಾಲಿಯನ್ನಿನಲ್ಲಿ ಒಂದು ಕಿರುಬರಹವನ್ನು ಬರೆದ. 1589ರಲ್ಲಿ ಅದೇ ಪೀಸಾದಲ್ಲಿ ಅಲ್ಪ ವೇತನದ ಗಣಿತ ಪ್ರಾಧ್ಯಾಪಕನಾದ. ವಾಲುಗೋಪುರದ ತುದಿಯಿಂದ ಆತ ಗುಂಡುಗಳನ್ನು ಕೆಡವಿದ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಅದನ್ನು ಬರೆದಿಟ್ಟವನು ಮುಪ್ಪಿನಲ್ಲಿ ಆತನ ಜೊತೆಗಿದ್ದ ಶಿಷ್ಯ ವಿವಿಯಾನಿ. ಅದು ಹಾಗೆಯೇ ನಡೆಯಿತೆಂಬುದನ್ನು ಇತಿಹಾಸಕಾರರಲ್ಲಿ ಹಲವರು ಒಪ್ಪುವುದಿಲ್ಲ. ಆದರೆ ಗೆಲಿಲಿಯೊ ಹೂಡಿದ ಒಂದು ತರ್ಕ ಗೋಪುರವಿಲ್ಲದೆಯೂ ನಿಲ್ಲುವಂತಹುದು. ಭಾರವಾದ ಕಲ್ಲು ಬೇಗನೆ, ಹಗುರವಾದುದು ನಿಧಾನವಾಗಿ ಬೀಳುತ್ತದೆ ಎನ್ನೋಣ. ಅವೆರಡನ್ನೂ ಕಟ್ಟಿ ಬಿಟ್ಟರೆ ಹಗುರ ಕಲ್ಲು ಭಾರದ ಕಲ್ಲನ್ನು ತಡೆಯಬೇಕು. ಆದರೆ ಜೋಡಿ ಕಲ್ಲು ಮೊದಲಿನದಕ್ಕಿಂತಲೂ ಭಾರ; ಅದು ಇನ್ನೂ ಬೇಗನೆ ಬೀಳಬೇಕು. ಒಂದೇ ಮಾತಿನಿಂದ ಎರಡು ವಿರುದ್ಧ ಫಲಿತಾಂಶಗಳು ಹೊರಡುವುದಾದರೆ ಆ ಮಾತೇ ತಪ್ಪು.

1591ರಲ್ಲಿ ತಂದೆ ತೀರಿಕೊಂಡಾಗ ತಂಗಿಯರ ವರದಕ್ಷಿಣೆಯೂ ಸೇರಿದಂತೆ ಮನೆಯ ಭಾರವೆಲ್ಲ ಹಿರಿಯ ಮಗನ ಹೆಗಲಿಗೆ ಬಂತು. ಮರುವರ್ಷ ಪಾದುವಾ ವಿಶ್ವವಿದ್ಯಾಲಯವನ್ನು ಸೇರಿದ ಗೆಲಿಲಿಯೊ ಅಲ್ಲಿ 18 ವರ್ಷಗಳನ್ನು ಕಳೆದ. ಸಂಬಳ ಸಾಲದೆ ಮನೆಯಲ್ಲಿ ವಿದ್ಯಾರ್ಥಿಗಳಿಗೆ ಪಾಠ ಹೇಳಿದ, ಅಳತೆಯ ಉಪಕರಣಗಳನ್ನು ಮಾಡಿಸಿ ಮಾರಿದ. ಈ ತಾಪತ್ರಯಗಳ ನಡುವೆಯೇ ಬೀಳುವ ವಸ್ತುವಿನ ನಿಯಮ ಆತನಿಗೆ ದೊರೆಯಿತು.

ನೇರವಾಗಿ ಬೀಳುವ ವಸ್ತುವಿನ ವೇಗವನ್ನು ಅಳೆಯಲು ಅಂದು ತಕ್ಕ ಗಡಿಯಾರವಿರಲಿಲ್ಲ. ಗೆಲಿಲಿಯೊ ಬೀಳುವಿಕೆಯನ್ನೇ ನಿಧಾನಗೊಳಿಸಿದ. ಉದ್ದನೆಯ ಮರದ ಹಲಗೆಯಲ್ಲಿ ನೇರವಾದ ಕಾಲುವೆಯೊಂದನ್ನು ಕೊರೆದು, ಅದಕ್ಕೆ ನುಣುಪಾದ ಚರ್ಮಪತ್ರವನ್ನು ಅಂಟಿಸಿ, ಹಲಗೆಯ ಒಂದು ತುದಿಯನ್ನು ಎತ್ತರಿಸಿ, ಕಂಚಿನ ಗುಂಡೊಂದನ್ನು ಉರುಳಬಿಟ್ಟ. ಎತ್ತರದಲ್ಲಿಟ್ಟ ಪಾತ್ರೆಯಿಂದ ಸಣ್ಣ ನಳಿಗೆಯ ಮೂಲಕ ನೀರು ಸುರಿಯುವಂತೆ ಮಾಡಿ, ಗುಂಡು ಉರುಳುವಷ್ಟು ಹೊತ್ತು ಶೇಖರವಾದ ನೀರನ್ನು ತೂಗಿದ. ನೀರಿನ ತೂಕವೇ ಕಾಲದ ಅಳತೆಯಾಯಿತು. ಪ್ರಯೋಗವನ್ನು ನೂರು ಬಾರಿ ಮಾಡಿದುದಾಗಿ ಆತ ಬರೆದಿದ್ದಾನೆ. ಮೊದಲ ಕ್ಷಣದಲ್ಲಿ ಗುಂಡು ಒಂದು ಮೊಳ ಸಾಗಿದರೆ ಎರಡನೆಯ ಕ್ಷಣದಲ್ಲಿ ಮೂರು, ಮೂರನೆಯದರಲ್ಲಿ ಐದು, ನಾಲ್ಕನೆಯದರಲ್ಲಿ ಏಳು ಮೊಳ. ಒಟ್ಟು ಕೂಡಿಸಿದರೆ 1, 4, 9, 16. ಸಾಗಿದ ದೂರ ಕಾಲದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂಬ ನಿಯಮ ಇದೇ. ನಮ್ಮ ಬಾವಿಯ ಕಲ್ಲು ಬೀಳುವುದೂ ಈ ಲೆಕ್ಕದ ಪ್ರಕಾರವೇ.

1609ರಲ್ಲಿ ದೂರದರ್ಶಕವನ್ನು ಆಕಾಶದತ್ತ ತಿರುಗಿಸಿ ಆತ ಕಂಡ ಚಂದ್ರನ ಬೆಟ್ಟಗಳು, ಗುರುಗ್ರಹದ ನಾಲ್ಕು ಉಪಗ್ರಹಗಳು ಲೋಕಪ್ರಸಿದ್ಧ. ಆ ಸುದ್ದಿಯನ್ನು ಯುರೋಪಿನ ವಿದ್ವಾಂಸರಿಗೆಲ್ಲ ತಲುಪಿಸಬೇಕಾದ್ದರಿಂದ 1610ರ ಪುಸ್ತಕವನ್ನು ಲ್ಯಾಟಿನ್ನಿನಲ್ಲಿ ಬರೆದ. ಆದರೆ ಫ್ಲಾರೆನ್ಸಿಗೆ ಮರಳಿದ ಬಳಿಕ, ನೀರಿನಲ್ಲಿ ತೇಲುವ ವಸ್ತುಗಳ ಕುರಿತು 1612ರಲ್ಲಿ ಬರೆದ ಗ್ರಂಥ ಇಟಾಲಿಯನ್ನಿನಲ್ಲಿದೆ. ಮಂಜುಗಡ್ಡೆ ಏಕೆ ತೇಲುತ್ತದೆ ಎಂಬುದು ಅಂದಿನ ವಿವಾದ. ಚಪ್ಪಟೆಯಾದ ಆಕಾರವೇ ಅದಕ್ಕೆ ಕಾರಣವೆಂದು ಪಂಡಿತರು ವಾದಿಸಿದರು. ಮಂಜುಗಡ್ಡೆ ನೀರಿಗಿಂತ ಕಡಿಮೆ ಸಾಂದ್ರವಾದುದು, ಆದುದರಿಂದ ಅದು ಯಾವ ಆಕಾರದಲ್ಲಿದ್ದರೂ ತೇಲುತ್ತದೆ ಎಂದು ಗೆಲಿಲಿಯೊ ತೋರಿಸಿದ. ಅದೇ ವರ್ಷ ಸೂರ್ಯನ ಕಲೆಗಳ ಕುರಿತ ಪತ್ರಗಳನ್ನೂ ಜನಭಾಷೆಯಲ್ಲಿ ಬರೆದಾಗ ಮಿತ್ರನೊಬ್ಬನಿಗೆ ತನ್ನ ಉದ್ದೇಶವನ್ನು ತಿಳಿಸಿದ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುವ ಅವಕಾಶವಿಲ್ಲದವರಿಗೂ ಪ್ರಕೃತಿ ಕಣ್ಣನ್ನೂ ಬುದ್ಧಿಯನ್ನೂ ಕೊಟ್ಟಿದೆ, ಅವರೂ ಇದನ್ನು ಓದಬೇಕು ಎಂಬುದೇ ಆ ಉದ್ದೇಶವಾಗಿತ್ತು.

ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂಬ ಕೊಪರ್ನಿಕಸನ ಮತವನ್ನು ಚರ್ಚಿಸುವ ಆತನ ಸಂವಾದಗ್ರಂಥ 1632ರಲ್ಲಿ ಪ್ರಕಟವಾಯಿತು. ಅದೂ ಇಟಾಲಿಯನ್ನಿನಲ್ಲಿತ್ತು. ಆ ಮತವನ್ನು ಎತ್ತಿಹಿಡಿಯಬಾರದೆಂದು 1616ರಲ್ಲಿಯೇ ಆತನಿಗೆ ಎಚ್ಚರಿಕೆ ನೀಡಲಾಗಿತ್ತು. ರೋಮಿನಲ್ಲಿ ವಿಚಾರಣೆ ನಡೆದು, 1633ರ ಜೂನ್ 22ರಂದು, 69 ವರ್ಷದ ಆ ವೃದ್ಧ ಮಂಡಿಯೂರಿ ತನ್ನ ನಿಲುವನ್ನು ತ್ಯಜಿಸುವುದಾಗಿ ಓದಿ ಹೇಳಬೇಕಾಯಿತು. ಆಮೇಲೆ ಆತ ಧೈರ್ಯದ ಮಾತೊಂದನ್ನು ಗೊಣಗಿದನೆಂಬ ಕಥೆಯುಂಟು. ಆ ಕಥೆಗೆ ಅಂದಿನ ದಾಖಲೆಯ ಆಧಾರವಿಲ್ಲ. ಆತ ಬಾಗಿದ ಎಂಬುದೇ ನಿಜ. ಪುಸ್ತಕವನ್ನು ನಿಷೇಧಿಸಲಾಯಿತು. ಸೆರೆವಾಸದ ಶಿಕ್ಷೆ ಕೊನೆಗೆ ಫ್ಲಾರೆನ್ಸಿನ ಬಳಿಯ ಆರ್ಚೆತ್ರಿಯಲ್ಲಿ ಗೃಹಬಂಧನವಾಗಿ ಮಾರ್ಪಟ್ಟಿತು.

ಆ ಮನೆಯ ಸಮೀಪದಲ್ಲಿಯೇ ಸಂನ್ಯಾಸಿನಿಯರ ಮಠವೊಂದಿತ್ತು. ಮರೀನಾ ಗಾಂಬಾ ಎಂಬಾಕೆಯಿಂದ ಗೆಲಿಲಿಯೊ ಪಡೆದ ಮೂವರು ಮಕ್ಕಳಲ್ಲಿ ಹೆಣ್ಣುಮಕ್ಕಳಿಬ್ಬರೂ ಅಲ್ಲಿದ್ದರು. ಹಿರಿಯಳಾದ ವರ್ಜೀನಿಯಾಳನ್ನು ಹದಿಮೂರನೆಯ ವಯಸ್ಸಿನಲ್ಲಿ ಮಠಕ್ಕೆ ಸೇರಿಸಲಾಗಿತ್ತು. ಮರಿಯಾ ಚೆಲೆಸ್ತೆ ಎಂಬ ಹೆಸರಿನಲ್ಲಿ ಆಕೆ ತಂದೆಗೆ ಬರೆದ 124 ಪತ್ರಗಳು ಉಳಿದುಬಂದಿವೆ. ತಂದೆ ಬರೆದ ಉತ್ತರಗಳು ಉಳಿದಿಲ್ಲ. ತಂದೆಯ ಅಂಗಿಗಳನ್ನು ಹೊಲಿದು, ಔಷಧಿಗಳನ್ನು ಸಿದ್ಧಪಡಿಸಿ ಕಳುಹಿಸುತ್ತಿದ್ದ ಆಕೆ, ಶಿಕ್ಷೆಯ ಭಾಗವಾಗಿ ವಾರಕ್ಕೊಮ್ಮೆ ಆತ ಹೇಳಬೇಕಾಗಿದ್ದ ಪ್ರಾಯಶ್ಚಿತ್ತದ ಪ್ರಾರ್ಥನೆಗಳನ್ನೂ ತಾನೇ ವಹಿಸಿಕೊಂಡಳು. ತಂದೆ ಮನೆಗೆ ಮರಳಿದ ಕೆಲವೇ ತಿಂಗಳಲ್ಲಿ, 1634ರ ಏಪ್ರಿಲ್‌ನಲ್ಲಿ, 33ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅಂತಹ ಬುದ್ಧಿವಂತೆಗೆ ಕಲಿಯುವ ಅವಕಾಶ ದೊರೆತಿದ್ದರೆ ಏನಾಗುತ್ತಿತ್ತೋ ಎಂದು ಹೆಣ್ಣುಮಕ್ಕಳಿಗೆ ಪಾಠ ಹೇಳುವ ನಾವು ಯೋಚಿಸದಿರಲಾರೆವು. ಮಗಳ ವಿಷಯದಲ್ಲಿ ಗೆಲಿಲಿಯೊ ತನ್ನ ಕಾಲವನ್ನು ಮೀರಲಿಲ್ಲ.

ಮಾನಹಾನಿ, ಪುತ್ರೀಶೋಕ, ಮಂದವಾಗುತ್ತಿದ್ದ ಕಣ್ಣು. ಇವುಗಳ ನಡುವೆ ಕುಳಿತು ಆ ವೃದ್ಧ ಮೂವತ್ತು ವರ್ಷಗಳ ಹಿಂದಿನ ತನ್ನ ಟಿಪ್ಪಣಿಗಳನ್ನು ಬಿಚ್ಚಿದ. ಹಾಗೆ ಸಿದ್ಧವಾದುದೇ ಎರಡು ಹೊಸ ವಿಜ್ಞಾನಗಳ ಕುರಿತ ಗ್ರಂಥ. ಇಟಲಿಯಲ್ಲಿ ಅಚ್ಚುಹಾಕಿಸುವಂತಿರಲಿಲ್ಲವಾದ್ದರಿಂದ ಹಸ್ತಪ್ರತಿ ಗಡಿ ದಾಟಿ ಹಾಲೆಂಡಿನ ಲೈಡನ್ ನಗರವನ್ನು ಸೇರಿ, 1638ರಲ್ಲಿ ಅಲ್ಲಿ ಮುದ್ರಣವಾಯಿತು. ಪುಸ್ತಕ ಕೈಸೇರುವಷ್ಟರಲ್ಲಿ ಲೇಖಕನ ಎರಡು ಕಣ್ಣುಗಳೂ ಕುರುಡಾಗಿದ್ದವು.

ಇಂದಿನ ಕಾಲೇಜಿನ ಮೊದಲ ವರ್ಷದ ಭೌತಶಾಸ್ತ್ರದ ಬಹುಭಾಗ ಆ ಪುಸ್ತಕದಲ್ಲಿ ಮೊಳಕೆಯೊಡೆದಿದೆ. ಬೀಳುವ ಕಲ್ಲು, ಇಳಿಜಾರಿನ ಗುಂಡು, ಪರವಲಯದ ಹಾದಿಯಲ್ಲಿ ಸಾಗುವ ಫಿರಂಗಿಯ ಗುಂಡು, ತೂಗಾಡುವ ಲೋಲಕ ಅಲ್ಲಿವೆ. ತಂದೆಯ ತಂತಿಯೂ ಮರಳಿ ಬರುತ್ತದೆ. ಸ್ವರದ ಶ್ರುತಿಯನ್ನು ನಿರ್ಧರಿಸುವುದು ಕಂಪನಗಳ ಸಂಖ್ಯೆ ಎಂಬುದನ್ನು ಆತ ಗಾಜಿನ ಬಟ್ಟಲಿನಿಂದ ವಿವರಿಸುತ್ತಾನೆ. ನೀರಿನಲ್ಲಿರಿಸಿದ ಬಟ್ಟಲಿನ ಅಂಚನ್ನು ಒದ್ದೆ ಬೆರಳಿನಿಂದ ಉಜ್ಜಿದಾಗ ಸುತ್ತಲಿನ ನೀರಿನಲ್ಲಿ ಕಿರುತೆರೆಗಳೇಳುತ್ತವೆ. ಸ್ವರ ಒಮ್ಮೆಲೇ ತಾರಸ್ಥಾಯಿಗೆ ಏರಿದರೆ ಪ್ರತಿಯೊಂದು ತೆರೆಯೂ ಎರಡಾಗಿ ಒಡೆಯುತ್ತದೆ. ಕಣ್ಣಿಗೆ ಕಾಣದ ಶಬ್ದವನ್ನು ನೀರಿನ ಮೇಲೆ ಕಾಣಿಸಿದ ಪ್ರಯೋಗವಿದು.

ಈ ಗ್ರಂಥದಲ್ಲಿ ಬಾವಿಯ ಪಂಪಿನ ಪ್ರಸ್ತಾಪವೂ ಇದೆ. ನೀರನ್ನು ಹೀರಿ ಎತ್ತುವ ಪಂಪು ಸುಮಾರು ಹತ್ತು ಮೀಟರಿಗಿಂತ ಮೇಲಕ್ಕೆ ಎತ್ತಲಾರದು ಎಂಬುದನ್ನು ಕೆಲಸಗಾರರು ಬಲ್ಲರು. ನಮ್ಮ ಅಡಕೆ ತೋಟಗಳ ಆಳವಾದ ಬಾವಿಗಳಲ್ಲಿ ಪಂಪನ್ನು ಬಾವಿಯ ಒಳಗೇ ಇಳಿಸಿ ಕೂರಿಸುವುದು ಇದೇ ಕಾರಣದಿಂದ. ಉದ್ದವಾದ ಹಗ್ಗ ತನ್ನ ಭಾರದಿಂದಲೇ ತುಂಡಾಗುವಂತೆ ನೀರಿನ ಕಂಬವೂ ತುಂಡಾಗುತ್ತದೆ ಎಂದು ಗೆಲಿಲಿಯೊ ಊಹಿಸಿದ. ಅದು ತಪ್ಪಾಗಿತ್ತು. ಆತನ ಕೊನೆಯ ತಿಂಗಳುಗಳಲ್ಲಿ ಬಳಿಯಲ್ಲಿದ್ದು ಸೇವೆ ಮಾಡಿದ ತೊರಿಚೆಲ್ಲಿ, ನೀರನ್ನು ಮೇಲಕ್ಕೆ ದೂಡುವುದು ಹೊರಗಿನ ಗಾಳಿಯ ಭಾರವೆಂದು ಕಂಡುಕೊಂಡು, ಒಂದೆರಡು ವರ್ಷಗಳಲ್ಲಿ ಪಾದರಸದ ನಳಿಗೆಯಿಂದ ಅದನ್ನು ಸಾಧಿಸಿದ. ಗುರುವಿನ ತಪ್ಪನ್ನು ತಿದ್ದಿದ ಶಿಷ್ಯನೇ ಗುರುವಿಗೆ ದೊರೆತ ಅತ್ಯುತ್ತಮ ಸ್ಮಾರಕವೆಂದು ಅಧ್ಯಾಪಕರಾದ ನಮಗೆ ತೋರುತ್ತದೆ.

ಗೆಲಿಲಿಯೊ 1642ರ ಜನವರಿ 8ರಂದು ಆರ್ಚೆತ್ರಿಯಲ್ಲಿ, ಬಂಧನದಲ್ಲಿಯೇ ತೀರಿಕೊಂಡ. ಗೌರವದ ಸಮಾಧಿಗೆ ಅನುಮತಿ ಸಿಗದೆ ಚರ್ಚಿನ ಸಣ್ಣ ಕೋಣೆಯೊಂದರಲ್ಲಿ ಹುಗಿದ ಆತನ ದೇಹವನ್ನು 1737ರಲ್ಲಷ್ಟೇ ಸಾಂತಾ ಕ್ರೋಚೆಯ ಮುಖ್ಯ ಸಭಾಂಗಣಕ್ಕೆ ಸಾಗಿಸಲಾಯಿತು. ವಿಚಾರಣೆಯಲ್ಲಿ ಆದ ಪ್ರಮಾದವನ್ನು ವ್ಯಾಟಿಕನ್ 1992ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡಿತು.

ಆತನ ಕೊನೆಯ ಗ್ರಂಥದ ಒಂದು ವಿಶೇಷವನ್ನು ಹೆತ್ತವರ ಮುಂದಿಡಲು ಬಯಸುತ್ತೇವೆ. ಚಲನೆಯನ್ನು ಕುರಿತ ಭಾಗದಲ್ಲಿ ಪ್ರಮೇಯಗಳೂ ಅವುಗಳ ಸಾಧನೆಗಳೂ ಲ್ಯಾಟಿನ್ನಿನಲ್ಲಿವೆ. ಅವುಗಳನ್ನು ಮುಂದಿಟ್ಟುಕೊಂಡು ಮೂವರು ಗೆಳೆಯರು ಸಂಶಯಪಡುವುದು, ಆಕ್ಷೇಪಿಸುವುದು, ಅರ್ಥಮಾಡಿಕೊಳ್ಳುವುದು ಎಲ್ಲವೂ ಇಟಾಲಿಯನ್ನಿನಲ್ಲಿದೆ. ದೂರದ ವಿದ್ವಾಂಸರನ್ನು ತಲುಪಲು ಲ್ಯಾಟಿನ್ ಬೇಕಾಗಿತ್ತು. ಆತ ಅದನ್ನು ಬಿಡಲಿಲ್ಲ. ಪ್ರಶ್ನೆ ಕೇಳುವುದಕ್ಕೆ ಮನೆಯ ಮಾತು ಬೇಕಾಗಿತ್ತು, ಅದನ್ನೂ ಬಿಡಲಿಲ್ಲ. ನಮ್ಮ ಮಕ್ಕಳಿಗೂ ಎರಡೂ ಬೇಕು. ಇಂಗ್ಲಿಷಿನ ಲೆಕ್ಕವನ್ನು ಅವರು ಕಲಿಯಲೇಬೇಕು, ಅದಕ್ಕಾಗಿ ನಾವು ಇನ್ನಷ್ಟು ದುಡಿಯಬೇಕು. ಆದರೆ ಕಲ್ಲು ಏಕೆ ಹಾಗೆ ಬಿತ್ತು ಎಂಬ ಸಂಶಯ ಮೊದಲು ಹುಟ್ಟುವುದು ಮನೆಯಂಗಳದ ಬಾವಿಯ ಕಟ್ಟೆಯ ಬಳಿ, ಮನೆಯ ಮಾತಿನಲ್ಲಿ. ಆ ಸಂಶಯವನ್ನು ನಾಚಿಕೆಯಿಲ್ಲದೆ ಕೇಳಬಲ್ಲ ಒಂದು ತರಗತಿಯನ್ನು ನೂರು ವರ್ಷ ಉಳಿಸಿಕೊಂಡು ಬಂದ ಹಿರಿಯರಿಗೆ ನಾವು ಋಣಿಗಳಾಗಿದ್ದೇವೆ. ಮುಂದಿನ ನೂರು ವರ್ಷಗಳಲ್ಲಿ ನಮ್ಮ ಉತ್ತರಗಳನ್ನೂ ತಿದ್ದುವ ಶಿಷ್ಯರು ಇಲ್ಲಿಂದ ಹೊರಡಲಿ.