ಮನೆ ಮಾರಿ ಮಷೀನು ತಂದ ವಕೀಲರು

ಅಚ್ಚಾಗದ ಕಥೆ ಹೇಗೆ ಉಳಿಯುತ್ತದೆ ಎಂಬುದನ್ನು ಸಂಗೊಳ್ಳಿಯ ಮಂದಿಗೆ ಬಿಡಿಸಿ ಹೇಳಬೇಕಾಗಿಲ್ಲ. 1831ರಲ್ಲಿ ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೆ ಹಾಕಿದ ಮೇಲೆ ಅವನ ಕಥೆ ಉಳಿದದ್ದು ಪುಸ್ತಕದಲ್ಲಿ ಅಲ್ಲ, ಡಪ್ಪು ಬಾರಿಸಿ ಲಾವಣಿ ಹಾಡುವವರ ಬಾಯಲ್ಲಿ. ಮುಂದೆ ಅರ್ಧ ಶತಮಾನ ಕಳೆದ ಮೇಲೆ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಅಂಥದೊಂದು ಲಾವಣಿ ಬರೆಸಿಕೊಂಡು ಅಚ್ಚು ಹಾಕಿಸಿದ. ಅಲ್ಲಿಯವರೆಗೆ ಅದನ್ನು ಕಾಪಾಡಿದವರು ಹಾಡುವವರು ಮತ್ತು ಕೇಳುವವರು, ಅಷ್ಟೇ.

ಹಾಡಾದರೆ ಬಾಯಿಂದ ಬಾಯಿಗೆ ದಾಟುತ್ತದೆ. ತಾಡೋಲೆ ಕಟ್ಟಿನಲ್ಲಿ ಬರೆದಿಟ್ಟದ್ದರ ಗತಿ ಏನು? ಅದು ಜಗಲಿಯ ಮೇಲೆ ವಿಭೂತಿ ಹಚ್ಚಿಸಿಕೊಂಡು, ಪೂಜೆ ಮಾಡಿಸಿಕೊಂಡು, ಒಳಗೊಳಗೇ ಹುಳ ತಿಂದು ಹೋಗುತ್ತದೆ. ಇವತ್ತು ಯಾವ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಗೆ ಹೋದರೂ ಬಸವಣ್ಣನವರ ವಚನದ ಪುಸ್ತಕ ಸಿಗುತ್ತದೆ. ಲಗ್ನಪತ್ರಿಕೆಯ ಮೇಲೆ, ಅಂಗಡಿಯ ಕ್ಯಾಲೆಂಡರಿನ ಮೇಲೆ ವಚನ ಇರುತ್ತದೆ. ನೂರು ವರ್ಷದ ಹಿಂದೆ ಹೀಗಿರಲಿಲ್ಲ. ಅಲ್ಲೊಂದು ಇಲ್ಲೊಂದು ಅಚ್ಚಾಗಿದ್ದವು, ನಿಜ. ಉಳಿದವು ಮಠಗಳ ಅಟ್ಟದ ಮೇಲೆ, ಹಳೆಯ ಮನೆತನಗಳ ಗಂಟುಗಳಲ್ಲಿ ಬಿದ್ದಿದ್ದವು. ಅವನ್ನು ಅಲ್ಲಿಂದ ಇಳಿಸಿದವರು ಒಬ್ಬ ವಕೀಲರು. ಇಳಿಸಿದ್ದರ ಮೊದಲ ದೊಡ್ಡ ಪುಸ್ತಕ ಅಚ್ಚಾದದ್ದು ನಮ್ಮ ಬೆಳಗಾವಿಯಲ್ಲೇ ಎಂಬುದು ಬೆಳಗಾವಿಯವರಿಗೇ ಅಷ್ಟಾಗಿ ನೆನಪಿಲ್ಲ!

ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. ಹುಟ್ಟಿದ್ದು 1880ರ ಜುಲೈ 2ರಂದು ಧಾರವಾಡದಲ್ಲಿ. ತಂದೆ ಗುರುಬಸಪ್ಪನವರು ಶಿಕ್ಷಕರು, ಬರೆಯುವ ಹವ್ಯಾಸ ಇದ್ದವರು. ತಾಯಿ ದಾನಮ್ಮ ಬೇಗ ತೀರಿಕೊಂಡಳು, ಕೂಸನ್ನು ಅಜ್ಜಿ ಸಾಕಿದಳು. ಮ್ಯಾಟ್ರಿಕ್ ಮುಗಿಸಿ ಮುಂಬಯಿಗೆ ಹೋಗಿ ಬಿ.ಎ., ಎಲ್ಎಲ್.ಬಿ. ಮಾಡಿಕೊಂಡು ಬಂದರು. ಬೆಳಗಾವಿ ಅವರಿಗೆ ಬೀಗರ ಊರು. ಹೆಂಡತಿ ಭಾಗೀರಥಿಬಾಯಿ ಇಲ್ಲಿಯ ವಕೀಲ ತಮ್ಮಣ್ಣಪ್ಪ ಚಿಕ್ಕೋಡಿಯವರ ಮಗಳು. 1904ರಲ್ಲಿ ಕರಿ ಕೋಟು ಹಾಕಿಕೊಂಡು ವಕೀಲಿ ಸುರು ಮಾಡಿದ್ದೂ ಬೆಳಗಾವಿಯಲ್ಲೇ. ಸ್ವಲ್ಪದರಲ್ಲೇ ವಿಜಾಪುರಕ್ಕೆ ಹೋದರು, ಅಲ್ಲೇ ನೆಲೆನಿಂತರು.

ವಿಜಾಪುರದಲ್ಲಿ ಅವರು ಕಟ್ಟಿದ ಸಂಸ್ಥೆಗಳ ಸುದ್ದಿ ಬರೆಯಲು ಹೋದರೆ ಈ ಅಂಕಣ ಸಾಲದು. 1910ರಲ್ಲಿ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು, ಊರಿಗೆ ಕುಡಿಯುವ ನೀರು ಕೊಡುವ ಭೂತನಾಳ ಕೆರೆಗಾಗಿ ಓಡಾಟ, ಮುಂಬಯಿ ಕೌನ್ಸಿಲ್ಲಿನಲ್ಲಿ ಸದಸ್ಯತ್ವ, ಸರಕಾರಿ ವಕೀಲಿ. ನಡೆಯುತ್ತಿದ್ದ ವಕೀಲಿ, ಬರುತ್ತಿದ್ದ ರೊಕ್ಕ. ಅಂಥವರು ಮಹಲು ಕಟ್ಟಿಸಿಕೊಂಡು ಆರಾಮಾಗಿ ಕೂಡ್ರಬಹುದಿತ್ತು. ಆದರೆ ವಕೀಲಿಗೆ ಕಾಲಿಡುವ ಮೊದಲೇ ಅವರಿಗೆ ಇನ್ನೊಂದು ಹುಚ್ಚು ಹತ್ತಿತ್ತು.

ರಬಕವಿ-ಬನಹಟ್ಟಿಯ ಕಡೆ ಗೆಳೆಯರೊಬ್ಬರ ಮನೆಯಲ್ಲಿ ತಾಡೋಲೆಯ ಕಟ್ಟುಗಳು ಅವರ ಕಣ್ಣಿಗೆ ಬಿದ್ದವು. ಬಿಚ್ಚಿ ನೋಡಿದರೆ ಶರಣರ ವಚನ, ಷಟ್‌ಸ್ಥಲದ ಗ್ರಂಥ. ಅವತ್ತಿನಿಂದ ಸುರುವಾಯಿತು ನೋಡ್ರಿ! ಕೋರ್ಟು ಮುಗಿಸಿ, ಸೂಟಿ ಸಿಕ್ಕಾಗ, ಊರೂರು ಅಲೆದಾಟ. ಯಾವ ಮಠದಲ್ಲಿ ಕಟ್ಟು ಇದೆ, ಯಾರ ಮನೆಯ ದೇವರ ಜಗಲಿಯ ಮೇಲೆ ಇದೆ ಎಂದು ಕೇಳುತ್ತ ಹೋಗುವುದು. ಪೂಜೆಯ ವಸ್ತುವನ್ನು ಯಾರು ಸುಮ್ಮನೆ ಕೈಗೆ ಕೊಡುತ್ತಾರೆ? ಕೆಲವರು ಕೊಟ್ಟರು, ಕೆಲವರಿಂದ ಬೇಡಿ ತರಬೇಕಾಯಿತು. ಹೀಗೆ ವರ್ಷಾನುಗಟ್ಟಲೆ ಕೂಡಿಸಿದ ಕಟ್ಟುಗಳು ನೂರಾರು.

ತಾಡೋಲೆ ಓದುವುದು ಎಂದರೆ ದಿನಪತ್ರಿಕೆ ಓದಿದ ಹಾಗಲ್ಲ. ತಾಳೆಗರಿಯ ಮೇಲೆ ಕಂಠದಿಂದ, ಅಂದರೆ ಕಬ್ಬಿಣದ ಮೊನೆಯಿಂದ ಕೊರೆದ ಅಕ್ಷರ. ಮಸಿ ತಿಕ್ಕಿದರೆ ಮಾತ್ರ ಎದ್ದು ಕಾಣುತ್ತವೆ. ಶಬ್ದಕ್ಕೂ ಶಬ್ದಕ್ಕೂ ನಡುವೆ ಜಾಗ ಇಲ್ಲ, ಪೂರ್ಣವಿರಾಮ ಇಲ್ಲ, ಒಂದು ವಚನ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಸುರುವಾಯಿತು ಎಂಬುದನ್ನು ಅಂಕಿತ ನೋಡಿ ಗುರುತಿಸಬೇಕು. ಗರಿ ಒಣಗಿದ್ದರೆ ಮುಟ್ಟಿದಲ್ಲಿ ಮುರಿಯುತ್ತದೆ. ನಕಲು ಮಾಡಿದವನು ತಪ್ಪಿದ್ದರೆ ಮುಂದಿನವರೆಲ್ಲ ಅದೇ ತಪ್ಪನ್ನು ಬರೆದಿರುತ್ತಾರೆ. ಆದ್ದರಿಂದ ನಾಲ್ಕು ಕಟ್ಟು ಎದುರಿಗೆ ಇಟ್ಟುಕೊಂಡು ತಾಳೆ ನೋಡಬೇಕು. ಇದನ್ನೆಲ್ಲ ಕಾಗದಕ್ಕೆ ಇಳಿಸಿ, ಬೇರೆ ಬೇರೆ ಶರಣರ ವಚನಗಳನ್ನು ವಿಷಯವಾರು ವಿಂಗಡಿಸಿ, ಒಂದು ಕಡೆ ಜೋಡಿಸಿದರು. ಹೀಗೆ ತಯಾರಾಯಿತು ವಚನ ಶಾಸ್ತ್ರ ಸಾರದ ಮೊದಲ ಭಾಗ.

ಬರೆದದ್ದೇನೋ ಆಯಿತು. ಅಚ್ಚು ಹಾಕುವವರು ಯಾರು? ಪುಸ್ತಕ ಬರೆದು ಕೈ ಸುಟ್ಟುಕೊಂಡವರಿಗೆಲ್ಲ ಗೊತ್ತಿರುವ ಫಜೀತಿ ಇದು. ಆಗ ಈ ಭಾಗ ಮುಂಬಯಿ ಇಲಾಖೆಗೆ ಸೇರಿತ್ತು. ಪಟ್ಟಣಗಳಲ್ಲಿ ಮರಾಠಿಯ ಜೋರು. ಕನ್ನಡ ಪುಸ್ತಕಕ್ಕೆ ದುಡ್ಡು ಹಾಕಿ ಕೈ ಕಟ್ಟಿ ಕೂಡ್ರುವ ಸಾವಕಾರ ಸಿಗುವುದು ಕಷ್ಟ. ಇದೇ ಕಾಲದಲ್ಲಿ ಗಳಗನಾಥರು ತಾವು ಬರೆದ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರುತ್ತಿದ್ದರು ಎಂದರೆ ಲೆಕ್ಕ ಹಾಕಿಕೊಳ್ಳಿ. ಕಾದಂಬರಿಗಾದರೂ ಓದುವ ಹೆಣ್ಣುಮಕ್ಕಳಿದ್ದರು. ಎಂಟುನೂರು ವರ್ಷದ ಹಳೆಯ ವಚನಕ್ಕೆ ಗಿರಾಕಿ ಯಾರು?

ಆ ದಿನಗಳಲ್ಲಿ ಚಂದದ ಕನ್ನಡ ಅಚ್ಚು ಎಂದರೆ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸು. ಕಿಟೆಲ್ಲರ ನಿಘಂಟು ಅಚ್ಚಾದದ್ದು ಅಲ್ಲೇ. ಹಳಕಟ್ಟಿಯವರು ಹಸ್ತಪ್ರತಿಯನ್ನು ಮುಂಗಡ ಹಣದ ಜೋಡಿ ಅಲ್ಲಿಗೇ ಕಳಿಸಿಕೊಟ್ಟರು. ಮುಂಗಡ ಐನೂರು ರೂಪಾಯಿ ಎಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಆ ಕಾಲದ ಐನೂರು! ಪ್ರೆಸ್ಸಿನವರು ಹಣವನ್ನೂ ಪ್ರತಿಯನ್ನೂ ವಾಪಸು ಕಳಿಸಿದರು. ಕ್ರೈಸ್ತ ಮಿಶನ್ನಿನ ಪ್ರೆಸ್ಸು ಇನ್ನೊಂದು ಧರ್ಮದ ಇಂಥ ಗ್ರಂಥವನ್ನು ಅಚ್ಚು ಹಾಕಲು ಒಪ್ಪಲಿಲ್ಲ ಎಂದು ಮಂದಿ ಹೇಳುತ್ತಾರೆ. ಏನೇ ಇರಲಿ, ಇಪ್ಪತ್ತು ವರ್ಷದ ದುಡಿಮೆಯ ಗಂಟು ಅಂಚೆಯಲ್ಲಿ ತಿರುಗಿ ಮನೆಗೆ ಬಂತು.

ಬೇರೆಯವರಾಗಿದ್ದರೆ ಗಂಟನ್ನು ಅಟ್ಟಕ್ಕೆ ಹಾಕುತ್ತಿದ್ದರು. ತಾಡೋಲೆ ಇಳಿದ ಅಟ್ಟಕ್ಕೆ ಕಾಗದ ಏರುತ್ತಿತ್ತು! ಹಳಕಟ್ಟಿಯವರು ಬೆಳಗಾವಿಯ ಕಡೆ ಮುಖ ಮಾಡಿದರು. ಇಲ್ಲಿ ಚೌಗುಲೆಯವರ ಮಹಾವೀರ ಪ್ರೆಸ್ಸು ಇತ್ತು. ಅವರು ಕೆಲಸ ಹಿಡಿದರು. ಮೊಳೆ ಜೋಡಿಸುವ ಕಾಲ ಅದು. ಒಂದೊಂದೇ ಅಕ್ಷರ, ಅದಕ್ಕೊಂದು ಒತ್ತಕ್ಷರ, ಗುಣಿಸು, ದೀರ್ಘ, ಎಲ್ಲ ಬೇರೆ ಬೇರೆ ಖಾನೆಯಿಂದ ಹೆಕ್ಕಿ ಕೂಡಿಸಬೇಕು. ವಚನದ ಹಳೆಗಾಲದ ಶಬ್ದಗಳು ಕಂಪೋಜು ಮಾಡುವವರ ಕೈಗೆ ಹೊಸವು, ತಪ್ಪು ಬೀಳದೆ ಇರುತ್ತದೆಯೇ? ಪ್ರೂಫ್ ಮೇಲೆ ಪ್ರೂಫ್ ತಿದ್ದಬೇಕು. ಪ್ರೆಸ್ಸು ಬೆಳಗಾವಿಯಲ್ಲಿ, ತಿದ್ದುವವರು ವಿಜಾಪುರದಲ್ಲಿ, ನಡುವೆ ವಕೀಲಿ. ಖರ್ಚು ಹೊತ್ತವರು ವಕೀಲರೇ. 1923ರಲ್ಲಿ ಪುಸ್ತಕ ಹೊರಗೆ ಬಂತು.

ಅದು ಬಂದ ಮೇಲೆ ಓದುವವರಿಗೆ ದಿಗಿಲಾಯಿತು. ವಚನಕಾರರೆಂದರೆ ಬಸವಣ್ಣ, ಅಲ್ಲಮ, ಅಕ್ಕಮಹಾದೇವಿ ಹೀಗೆ ಕೆಲವೇ ಹೆಸರು ಗೊತ್ತಿದ್ದ ಕಾಲ. ಅಂಬಿಗ, ಮಡಿವಾಳ, ಮಾದಾರ, ಸೂಳೆ ಕಾಯಕದವಳು, ಎಲ್ಲರೂ ಬರೆದಿದ್ದಾರೆ ಎಂಬುದು ಸಾಮಾನ್ಯ ಓದುಗರ ಕೈಗೆ ಸಿಕ್ಕಿದ್ದು ಹಳಕಟ್ಟಿಯವರ ಈ ಕೆಲಸ ಬೆಳೆಯುತ್ತ ಹೋದಂತೆ. ಕೊನೆಗೆ ಅವರು ಬೆಳಕಿಗೆ ತಂದ ವಚನಕಾರರ ಹೆಸರು ಇನ್ನೂರರ ಗಡಿ ದಾಟಿತು.

ಒಂದು ಪುಸ್ತಕಕ್ಕೇ ಇಷ್ಟು ಪಡಿಪಾಟಲು, ಉಳಿದ ಕಟ್ಟುಗಳಿಗೆ ಎಲ್ಲಿ ಹೋಗುವುದು? ಯಾವ ಪ್ರೆಸ್ಸಿನ ಮುಂದೆ ಕೈ ಒಡ್ಡುವುದು? ಅದಕ್ಕೆ ಅವರು ಹುಡುಕಿಕೊಂಡ ದಾರಿ ಕೇಳಿದರೆ ಯಾವ ವ್ಯಾಪಾರಸ್ಥನಾದರೂ ತಲೆ ಅಲ್ಲಾಡಿಸಿಯಾನು. ಇದ್ದ ಮನೆಯನ್ನೇ ಮಾರಿದರು. ಆ ರೊಕ್ಕದಿಂದ 1925ರಲ್ಲಿ ವಿಜಾಪುರದಲ್ಲಿ ತಮ್ಮದೇ ಮುದ್ರಣಾಲಯ ಹಾಕಿದರು, ಹೆಸರು ಹಿತಚಿಂತಕ. ಮನೆಯವರು ಬಾಡಿಗೆ ಮನೆ ಸೇರಿದರು. ಭಾಗೀರಥಿಬಾಯಿಯವರು ಆಗ ಏನು ಅಂದುಕೊಂಡರೋ ಯಾವ ಚರಿತ್ರೆಯಲ್ಲೂ ಬರೆದಿಲ್ಲ. ಬರೆಯಬೇಕಾಗಿತ್ತು.

ಮರುವರ್ಷವೇ ಶಿವಾನುಭವ ಪತ್ರಿಕೆ, ಅದರ ಹಿಂದೆಯೇ 1927ರಲ್ಲಿ ನವಕರ್ನಾಟಕ ವಾರಪತ್ರಿಕೆ. 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದರು. ಮಾನ ಬಂತು, ಆದರೆ ಚಂದಾ ಬರಲಿಲ್ಲ. ಪತ್ರಿಕೆ ತರಿಸಿಕೊಂಡು ಓದಿ ರೊಕ್ಕ ಕಳಿಸದ ಮಹನೀಯರು ಆಗಲೂ ಇದ್ದರು, ಉದ್ರಿ ಕೊಟ್ಟ ಅಂಗಡಿಕಾರರಿಗೆ ಇದು ಬೇಗ ತಿಳಿಯುತ್ತದೆ. ಪುಸ್ತಕದ ಕೆಲಸ ಹೆಚ್ಚಾದಂತೆ ವಕೀಲಿ ಕಡಿಮೆಯಾಯಿತು, ವಕೀಲಿ ಕಡಿಮೆಯಾದಂತೆ ಸಾಲ ಬೆಳೆಯಿತು. ಅಷ್ಟಾದರೂ ಮಷೀನು ನಿಲ್ಲಲಿಲ್ಲ. ವಚನ ಶಾಸ್ತ್ರ ಸಾರದ ಮುಂದಿನ ಭಾಗಗಳು ಬಂದವು, ಹರಿಹರನ ರಗಳೆಗಳು ಬಂದವು, ಒಟ್ಟು ನೂರಕ್ಕೂ ಮಿಕ್ಕಿ ಪುಸ್ತಕ. ಶಿವಾನುಭವ ಮೂರು ದಶಕಕ್ಕೂ ಹೆಚ್ಚು ಕಾಲ ನಡೆಯಿತು.

ಸರಕಾರದಿಂದ ರಾವ್ ಬಹಾದ್ದೂರ್ ಪದವಿ ಬಂದಿತ್ತು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟು ಕೊಟ್ಟಿತು. ಊರಿಗೆ ಬ್ಯಾಂಕು ಕಟ್ಟಿಕೊಟ್ಟವರು ಮುಪ್ಪಿನಲ್ಲಿ ಹಳೆಯ ಕೋಟು ತೊಟ್ಟುಕೊಂಡು, ಬಾಡಿಗೆ ಮನೆಯಲ್ಲಿ, ಪ್ರೂಫ್ ತಿದ್ದುತ್ತ ಕೂಡ್ರುತ್ತಿದ್ದರು. 1964ರ ಜೂನ್ 29ರಂದು ತೀರಿಕೊಂಡರು. ಇನ್ನು ಮೂರು ದಿನಕ್ಕೆ ಎಂಬತ್ತನಾಲ್ಕು ತುಂಬುತ್ತಿತ್ತು.

1993ರಲ್ಲಿ ಕರ್ನಾಟಕ ಸರಕಾರ ಸಮಗ್ರ ವಚನ ಸಂಪುಟವನ್ನು ಹದಿನೈದು ಸಂಪುಟಗಳಲ್ಲಿ ತಂದಿತು. ಆ ಕೆಲಸಕ್ಕೆ ಸಂಪಾದಕ ಮಂಡಳಿ ಇತ್ತು, ಇಲಾಖೆ ಇತ್ತು, ಖಜಾನೆ ಇತ್ತು. ಬೆಳಗಾವಿಯ ಪ್ರೆಸ್ಸಿಗೆ 1923ರಲ್ಲಿ ಬಂದ ಆ ಗಂಟಿಗೆ ಇದ್ದದ್ದು ಒಬ್ಬ ವಕೀಲರ ಕಿಸೆ.