ಸ್ಟೋಕ್ ಮೈದಾನದ ನಡುವೃತ್ತ

ಶಿವಮೊಗ್ಗದಲ್ಲಿರುವ ನನ್ನ ಅಕ್ಕನ ಮಗ ಸ್ನಾತಕೋತ್ತರ ವ್ಯಾಸಂಗಕ್ಕೆಂದು ಕಳೆದ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಬಂದ. ಹಾಸ್ಟೆಲಿನಲ್ಲಿ ಕೋಣೆ ಸಿಗುವವರೆಗೆ ಒಂದು ವಾರ ನಮ್ಮ ಮನೆಯಲ್ಲಿದ್ದ. ಊರಿನಲ್ಲಿ ನಿದ್ದೆಗೆಟ್ಟು ಪ್ರೀಮಿಯರ್ ಲೀಗ್ ನೋಡುತ್ತ ಬೆಳೆದ ಹುಡುಗ. ಯಾವ ಆಟಗಾರನಿಗೆ ವಾರಕ್ಕೆ ಎಷ್ಟು ಸಂಬಳ, ಯಾರನ್ನು ಯಾವ ಕ್ಲಬ್ಬು ಎಷ್ಟು ಕೊಟ್ಟು ಕೊಂಡಿತು ಎಂಬುದೆಲ್ಲ ಅವನಿಗೆ ಬಾಯಿಪಾಠ. ಮ್ಯಾಂಚೆಸ್ಟರಿನಲ್ಲಿ ಒಂದು ಪಂದ್ಯವನ್ನು ಕಣ್ಣಾರೆ ಕಾಣಬೇಕೆಂಬುದು ಅವನ ಮೊದಲ ಆಸೆಯಾಗಿತ್ತು. ಟಿಕೆಟ್ ಬೇಕಾದರೆ ಮೊದಲು ಕ್ಲಬ್ಬಿನ ಸದಸ್ಯತ್ವ ಕೊಳ್ಳಬೇಕು, ಕೊಂಡರೂ ಟಿಕೆಟ್ ಸಿಗುವ ಖಾತ್ರಿಯಿಲ್ಲ, ಸಿಕ್ಕರೆ ಆ ದುಡ್ಡಿನಲ್ಲಿ ಒಬ್ಬ ವಿದ್ಯಾರ್ಥಿಯ ಒಂದು ವಾರದ ದಿನಸಿ ಬರುತ್ತದೆ ಎಂದು ತಿಳಿದಾಗ ಅವನ ಮುಖ ಸಪ್ಪಗಾಯಿತು.

ಸಮಾಧಾನಕ್ಕೆಂದು ಅವನನ್ನು ನಮ್ಮೂರಿನ ಮೈದಾನ ತೋರಿಸಲು ಕರೆದೊಯ್ದೆ. ನಾವಿರುವುದು ಸ್ಟೋಕ್-ಆನ್-ಟ್ರೆಂಟ್‌ನಲ್ಲಿ. ಮ್ಯಾಂಚೆಸ್ಟರಿಗೂ ಬರ್ಮಿಂಗ್‌ಹ್ಯಾಮಿಗೂ ನಡುವಿನ, ಆರು ಪಟ್ಟಣಗಳು ಕೂಡಿ ಒಂದಾದ ಊರು. ಒಂದು ಕಾಲದಲ್ಲಿ ಜಗತ್ತಿಗೆಲ್ಲ ಪಿಂಗಾಣಿಯ ಕಪ್ಪು-ಬಸಿಗಳನ್ನು ಕಳುಹಿಸಿದ ಊರು. ಇಂದು ಅದರ ಗೂಡುಗಳಲ್ಲಿ ಬಹುಪಾಲು ತಣ್ಣಗಾಗಿವೆ. ಮೈದಾನದ ಹೊರಗೆ ಒಬ್ಬನೇ ಆಟಗಾರನ ಮೂರು ಪ್ರತಿಮೆಗಳಿವೆ. ಆಟದ ಬದುಕಿನ ಬೇರೆ ಬೇರೆ ವಯಸ್ಸಿನಲ್ಲಿ, ಕಾಲಲ್ಲಿ ಚೆಂಡು ಹಿಡಿದು ಓಡುತ್ತಿರುವ ಸರ್ ಸ್ಟ್ಯಾನ್ಲಿ ಮ್ಯಾಥ್ಯೂಸ್. ಅವರು ಯಾರೆಂದು ಹುಡುಗ ಕೇಳಿದ. ಇಂದಿನ ಆಟಗಾರರ ಸಂಬಳವೆಲ್ಲ ಗೊತ್ತಿದ್ದವನಿಗೆ ಆ ಹೆಸರು ಗೊತ್ತಿರಲಿಲ್ಲ. ನನಗಾದರೂ ಈ ಊರಿಗೆ ಬರುವವರೆಗೆ ಎಲ್ಲಿ ಗೊತ್ತಿತ್ತು?

ನನಗೆ ಅವರ ಕಥೆಯನ್ನು ಮೊದಲು ಹೇಳಿದವರು ನಮ್ಮ ಪಕ್ಕದ ಮನೆಯ ಹಿರಿಯರು. ಜೀವನವಿಡೀ ಪಿಂಗಾಣಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಫುಟ್‌ಬಾಲ್ ಸತ್ತುಹೋಗಿದೆ, ದುಡ್ಡು ಅದನ್ನು ಕೊಂದಿತು ಎಂಬುದು ಅವರ ಖಚಿತ ತೀರ್ಪು. ಬೇಲಿಯ ಆಚೆಯಿಂದ ಅದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆ ತೀರ್ಪಿಗೆ ಅವರು ಕೊಡುವ ಸಾಕ್ಷಿಯೇ ಮ್ಯಾಥ್ಯೂಸ್. ಸಾಕ್ಷಿಯ ಬದುಕನ್ನು ತುಸು ಓದಿಕೊಂಡ ಮೇಲೆ, ಅವರು ಹೇಳುವುದರಲ್ಲಿ ಅರ್ಧ ಮಾತ್ರ ನಿಜವೆಂದು ನನಗೆ ತೋರುತ್ತಿದೆ.

ಮ್ಯಾಥ್ಯೂಸ್ ಹುಟ್ಟಿದ್ದು 1915ರ ಫೆಬ್ರವರಿ 1ರಂದು, ಈ ಊರಿನ ಹ್ಯಾನ್ಲಿ ಭಾಗದಲ್ಲಿ. ನಾಲ್ವರು ಗಂಡುಮಕ್ಕಳಲ್ಲಿ ಮೂರನೆಯವರು. ತಂದೆ ಜ್ಯಾಕ್ ಮ್ಯಾಥ್ಯೂಸ್ ಕ್ಷೌರಿಕರು. ಅಂಗಡಿ ಮುಚ್ಚಿದ ಮೇಲೆ ಬಾಕ್ಸಿಂಗ್ ಪಟು. ಹ್ಯಾನ್ಲಿಯ ಕಾದಾಡುವ ಕ್ಷೌರಿಕನೆಂದು ಅವರಿಗೆ ಊರಲ್ಲಿ ಹೆಸರಿತ್ತು. ಆ ತಂದೆ ಮಕ್ಕಳನ್ನು ಬೆಳಗಿನ ಜಾವ ಎಬ್ಬಿಸಿ, ಚಳಿಗಾಲವೆನ್ನದೆ ಕಿಟಕಿ ತೆರೆದು ವ್ಯಾಯಾಮ ಮಾಡಿಸುತ್ತಿದ್ದರಂತೆ. ಮಗ ಆ ಅಭ್ಯಾಸವನ್ನು ಸಾಯುವವರೆಗೂ ಬಿಟ್ಟಂತಿಲ್ಲ. ಮದ್ಯ ಮುಟ್ಟಲಿಲ್ಲ, ಧೂಮಪಾನ ಮಾಡಲಿಲ್ಲ. ಮಾಂಸಾಹಾರದ ನಾಡಿನಲ್ಲಿದ್ದೂ ಹಣ್ಣು-ತರಕಾರಿಗಳನ್ನೇ ನೆಚ್ಚಿಕೊಂಡರು. ಸೋಮವಾರ ಉಪವಾಸವಿರುತ್ತಿದ್ದರು ಎಂದು ಓದಿದಾಗ ನನಗೆ ನಗು ಬಂತು. ನಮ್ಮ ಅಜ್ಜಿಗೆ ಈ ಸಂಗತಿ ತಿಳಿದಿದ್ದರೆ ಫುಟ್‌ಬಾಲಿನ ಬಗ್ಗೆ ಅವರಿಗಿದ್ದ ತಾತ್ಸಾರ ಸ್ವಲ್ಪ ಕಡಿಮೆಯಾಗುತ್ತಿತ್ತೇನೋ.

ಹದಿನಾಲ್ಕಕ್ಕೆ ಶಾಲೆ ಬಿಟ್ಟು, ಸ್ಟೋಕ್ ಸಿಟಿ ಕ್ಲಬ್ಬಿನ ಕಚೇರಿಯಲ್ಲಿ ಹುಡುಗನಾಗಿ ಸೇರಿಕೊಂಡು, ಹದಿನೇಳು ತುಂಬಿದ ದಿನವೇ ವೃತ್ತಿಪರ ಆಟಗಾರರಾಗಿ ಸಹಿ ಹಾಕಿದರು. ಸಂಬಳ ವಾರಕ್ಕೆ 5 ಪೌಂಡು, ಆಟವಿಲ್ಲದ ಬೇಸಿಗೆಯಲ್ಲಿ 3 ಪೌಂಡು. ಮೂರು ವರ್ಷ ತುಂಬುವ ಮೊದಲೇ ಇಂಗ್ಲೆಂಡ್ ತಂಡಕ್ಕೆ ಆಡಿದರು. ಮೈದಾನದ ಬಲ ಅಂಚು ಅವರ ಜಾಗ. ಎದುರಾಳಿಯ ಹತ್ತಿರಕ್ಕೆ ಚೆಂಡನ್ನು ನಿಧಾನವಾಗಿ ಒಯ್ದು, ಎಡಕ್ಕೆ ವಾಲಿದಂತೆ ಮೈ ಬಾಗಿಸಿ, ಅವನು ಆ ಕಡೆಗೆ ತಿರುಗಿದ ಕ್ಷಣದಲ್ಲಿ ಬಲಕ್ಕೆ ಚಿಮ್ಮಿ ಹೋಗುತ್ತಿದ್ದರು. ಮುಂದೇನಾಗುತ್ತದೆಂದು ಎದುರಾಳಿಗೂ ಗೊತ್ತಿರುತ್ತಿತ್ತು, ನೋಡುವವರಿಗೂ ಗೊತ್ತಿರುತ್ತಿತ್ತು, ಆದರೂ ತಡೆಯಲಾಗುತ್ತಿರಲಿಲ್ಲ. ಗೋಲು ಹೊಡೆಯುವುದಕ್ಕಿಂತ ಹೊಡೆಸುವುದರಲ್ಲಿ ಅವರ ಸುಖ. ಮೂರು ದಶಕ ಮೀರಿದ ಆಟದಲ್ಲಿ ಒಮ್ಮೆಯೂ ರೆಫರಿಯಿಂದ ಎಚ್ಚರಿಕೆ ಪಡೆದವರಲ್ಲ.

ಇಲ್ಲಿಯವರೆಗೆ ನಮ್ಮ ಪಕ್ಕದ ಮನೆಯವರ ಮಾತು ನಿಜ. ಅಂದಿನ ಆಟಗಾರ ಅದೇ ಬೀದಿಯವನು. ಪಂದ್ಯಕ್ಕೆ ಬಸ್ಸಿನಲ್ಲಿ ಬರುತ್ತಿದ್ದ, ನೋಡುವವನೂ ಅದೇ ಬಸ್ಸಿನಲ್ಲಿರುತ್ತಿದ್ದ. ಕಾರ್ಖಾನೆಯ ನುರಿತ ಕೆಲಸಗಾರನಿಗಿಂತ ತುಸು ಹೆಚ್ಚು ಸಂಬಳ, ಅಷ್ಟೆ. ಎರಡನೆಯ ಮಹಾಯುದ್ಧ ಮುಗಿದ ಹೊಸದರಲ್ಲಿ ಜನ ಮೈದಾನಗಳಿಗೆ ಪ್ರವಾಹದಂತೆ ಹರಿದರು. 1948-49ರ ಒಂದೇ ಋತುವಿನಲ್ಲಿ ಇಂಗ್ಲೆಂಡಿನ ಲೀಗ್ ಪಂದ್ಯಗಳನ್ನು ನೋಡಿದವರ ಸಂಖ್ಯೆ 4.1 ಕೋಟಿ ದಾಟಿತ್ತು. ಅದೇ 1948ರಲ್ಲಿ ನಮ್ಮ ಬೆಂಗಳೂರಿನ ಅಹಮದ್ ಖಾನ್ ಇದ್ದ ಭಾರತ ತಂಡವು ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಬಹುಮಟ್ಟಿಗೆ ಬರಿಗಾಲಲ್ಲೇ ಆಡಿ, 2-1ರಿಂದ ಮಾತ್ರ ಸೋತಿತ್ತು. ಇಲ್ಲಿನ ಹಿರಿಯರಲ್ಲಿ ಕೆಲವರಿಗೆ ಅದು ಈಗಲೂ ನೆನಪಿದೆ.

ಆದರೆ ಆ ಸಾಮೀಪ್ಯಕ್ಕೆ ಬೆಲೆ ತೆತ್ತವರು ಯಾರು? ಅಂದಿನ ಇಂಗ್ಲೆಂಡಿನಲ್ಲಿ ಆಟಗಾರನ ಸಂಬಳಕ್ಕೆ ನಿಯಮವೇ ಮಿತಿ ಹಾಕಿತ್ತು. ಯುದ್ಧಕ್ಕೆ ಮೊದಲು ವಾರಕ್ಕೆ ಗರಿಷ್ಠ 8 ಪೌಂಡು, 1947ರಲ್ಲಿ 12, 1958ರಲ್ಲಿ 20. ಎಪ್ಪತ್ತು ಸಾವಿರ ಜನ ಟಿಕೆಟ್ ಕೊಂಡು ನೋಡಲು ಬಂದರೂ ಅಷ್ಟೇ, ಏಳು ಸಾವಿರ ಜನ ಬಂದರೂ ಅಷ್ಟೇ. ಅದಕ್ಕಿಂತ ಕಠಿಣವಾದದ್ದು ಇನ್ನೊಂದು ನಿಯಮ. ಒಪ್ಪಂದದ ಅವಧಿ ಮುಗಿದ ಮೇಲೂ ಆಟಗಾರನ ನೋಂದಣಿ ಕ್ಲಬ್ಬಿನ ಕೈಯಲ್ಲೇ ಉಳಿಯುತ್ತಿತ್ತು. ಕ್ಲಬ್ಬು ಬಿಡುವವರೆಗೆ ಅವನು ಬೇರೆಡೆ ಆಡುವಂತಿಲ್ಲ. ವೀಸಾ ಒಬ್ಬ ಮಾಲೀಕನಿಗೆ ಕಟ್ಟಿಕೊಂಡಿರುವ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ಈ ದೇಶಕ್ಕೆ ಬಂದ ಮೊದಲ ಐದು ವರ್ಷ ಅಂಥದೇ ನೊಗದಲ್ಲಿದ್ದೆ. ಇನ್ನೊಂದು ಕಡೆ ಹೆಚ್ಚಿನ ಸಂಬಳದ ಕೆಲಸ ಕಣ್ಣೆದುರಿಗಿದ್ದರೂ, ಇರುವ ಕಡೆಯೇ ಇರಬೇಕಾಗಿತ್ತು. ಊರಿಗೆ ಫೋನು ಮಾಡಿದಾಗ ಅಮ್ಮನಿಗೆ ಆ ವಿಷಯ ಹೇಳಿದ್ದಿಲ್ಲ.

1938ರ ಆರಂಭದಲ್ಲಿ, ತಂಡದ ಮ್ಯಾನೇಜರರೊಡನೆ ಮನಸ್ತಾಪ ಬೆಳೆದು, ಇಪ್ಪತ್ತಮೂರರ ಮ್ಯಾಥ್ಯೂಸ್ ಸ್ಟೋಕ್ ಬಿಡಲು ಅನುಮತಿ ಕೇಳಿದರು. ಊರಿಗೆ ಊರೇ ಎದ್ದಿತು. ಕಿಂಗ್ಸ್ ಹಾಲ್‌ನಲ್ಲಿ ನಡೆದ ಪ್ರತಿಭಟನಾ ಸಭೆಗೆ ಮೂರು ಸಾವಿರಕ್ಕೂ ಹೆಚ್ಚು ಜನ ಸೇರಿದರು; ಒಳಗೆ ಜಾಗವಿಲ್ಲದೆ ಇನ್ನೂ ಸಾವಿರ ಜನ ಹೊರಗೆ ನಿಂತರು. ಮ್ಯಾಥ್ಯೂಸ್ ಹೋಗಕೂಡದು ಎಂಬುದೊಂದೇ ಬೇಡಿಕೆ. ಅವರು ಹೋಗಲಿಲ್ಲ. ಒಬ್ಬ ಆಟಗಾರನಿಗೆ ಊರು ತೋರಿದ ಪ್ರೀತಿಯೆಂದು ಪಕ್ಕದ ಮನೆಯವರು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ. ಪ್ರೀತಿಯೇ ಸರಿ. ಆದರೆ ಹೊರಟುನಿಂತ ಮಗನ ಪಾಸ್‌ಪೋರ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಮನೆಯವರ ಪ್ರೀತಿಯೂ ಇದೇ ಜಾತಿಯದಲ್ಲವೇ ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಅದೇ ವರ್ಷದ ಮೇ ತಿಂಗಳಲ್ಲಿ ಅವರು ಬರ್ಲಿನ್ನಿನಲ್ಲಿ ಆಡಿದರು. ಪಂದ್ಯಕ್ಕೆ ಮೊದಲು ಇಂಗ್ಲೆಂಡಿನ ಆಟಗಾರರು ನಾಟ್ಸಿ ವಂದನೆ ಮಾಡಬೇಕೆಂದು ಮೇಲಿನವರ ಆದೇಶವಾಗಿತ್ತು, ಮಾಡಿದರು. ಪಂದ್ಯವನ್ನು 6-3ರಿಂದ ಗೆದ್ದರೂ ಆ ಚಿತ್ರದ ಕಳಂಕ ಹೋಗಲಿಲ್ಲ. ಆಟದಲ್ಲಿ ರಾಜಕೀಯ ಬೆರೆತದ್ದು ಇತ್ತೀಚೆಗೆ ಎನ್ನುವವರು ಆ ಚಿತ್ರವನ್ನೊಮ್ಮೆ ನೋಡಬೇಕು.

ಯುದ್ಧದ ವರ್ಷಗಳಲ್ಲಿ ವಾಯುಸೇನೆಯಲ್ಲಿದ್ದುಕೊಂಡು ಬ್ಲ್ಯಾಕ್‌ಪೂಲ್‌ನಲ್ಲಿ ನೆಲೆಸಿದರು. 1946ರ ಮಾರ್ಚ್ 9ರಂದು ಬೋಲ್ಟನ್‌ನ ಬರ್ನ್‌ಡನ್ ಪಾರ್ಕ್ ಮೈದಾನದಲ್ಲಿ ಸ್ಟೋಕ್ ತಂಡದ ಪರವಾಗಿ ಆಡುತ್ತಿದ್ದಾಗ, ಮಿತಿಮೀರಿ ತುಂಬಿದ್ದ ಜನಸಂದಣಿಯಲ್ಲಿ ತಡೆಗಂಬಿಗಳು ಮುರಿದು 33 ಮಂದಿ ತುಳಿತಕ್ಕೆ ಸಿಕ್ಕಿ ಸತ್ತರು. ಹೆಣಗಳನ್ನು ಮೈದಾನದ ಅಂಚಿನಲ್ಲಿ ಮಲಗಿಸಿ, ಕೋಟುಗಳನ್ನು ಹೊದಿಸಿ, ಮರದ ಹೊಟ್ಟಿನಿಂದ ಹೊಸ ಗಡಿಗೆರೆ ಎಳೆದು ಆಟವನ್ನು ಮುಂದುವರಿಸಿದರು. ಹೊನ್ನಿನ ಕಾಲವೆಂದು ನಾವು ಹೇಳುವ ಕಾಲದ ಸಂಗತಿಯಿದು. ಇಂದು ಪ್ರತಿಯೊಬ್ಬರಿಗೂ ಸಂಖ್ಯೆಯಿರುವ ಕುರ್ಚಿ ಇದೆ, ಮಗುವನ್ನು ಕರೆದುಕೊಂಡು ನಿಶ್ಚಿಂತೆಯಿಂದ ಹೋಗಿ ಬರಬಹುದು. ಆ ಕುರ್ಚಿಗೆ ಬೆಲೆ ಹೆಚ್ಚು ಎಂಬ ದೂರು ನನಗೂ ಇದೆ. ಕುರ್ಚಿ ಬೇಡವಾಗಿತ್ತು ಎನ್ನಲಾರೆ.

1947ರಲ್ಲಿ ಕೊನೆಗೂ ಕ್ಲಬ್ಬು ಅವರನ್ನು ಬಿಟ್ಟಿತು. ಬ್ಲ್ಯಾಕ್‌ಪೂಲ್ ಕೊಟ್ಟ ಬೆಲೆ 11,500 ಪೌಂಡು. ಅದು ಹೋದದ್ದು ಕ್ಲಬ್ಬಿನ ಖಜಾನೆಗೆ. ಮೂವತ್ತೆರಡರ ಆಟಗಾರ ಇನ್ನೆಷ್ಟು ದಿನ ಆಡಿಯಾನು ಎಂದು ಜನ ಆಡಿಕೊಂಡರು. ಅವರು ಇನ್ನೂ ಹದಿನೆಂಟು ವರ್ಷ ಆಡುವವರಿದ್ದರು. ಬರುವ ಸಂಬಳದಲ್ಲಿ ವೃದ್ಧಾಪ್ಯ ಸಾಗದೆಂದು ಅರಿತು, ಪತ್ನಿ ಬೆಟ್ಟಿಯವರೊಡನೆ ಬ್ಲ್ಯಾಕ್‌ಪೂಲ್‌ನಲ್ಲಿ ಒಂದು ಸಣ್ಣ ಹೋಟೆಲು ನಡೆಸಿದರು. ಸಹಕಾರ ಸಂಘದ ಕಾರ್ಖಾನೆಯ ಬೂಟುಗಳಿಗೆ ತಮ್ಮ ಹೆಸರು ಕೊಟ್ಟರು. ಜೀವಮಾನದಲ್ಲಿ ಸಿಗರೇಟು ಸೇದದಿದ್ದವರು ಸಿಗರೇಟಿನ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ಆಟಗಾರರು ಜಾಹೀರಾತಿಗೆ ಮಾರಿಕೊಳ್ಳುತ್ತಾರೆಂದು ಇಂದು ಗೊಣಗುವವರು ಇದನ್ನು ಮರೆಯುತ್ತಾರೆ.

1948 ಮತ್ತು 1951ರ ಎಫ್.ಎ. ಕಪ್ ಫೈನಲ್‌ಗಳಲ್ಲಿ ಬ್ಲ್ಯಾಕ್‌ಪೂಲ್ ಸೋತಿತು. ಮೂರನೆಯದು 1953ರ ಮೇ 2ರಂದು, ವೆಂಬ್ಲಿಯಲ್ಲಿ, ಒಂದು ಲಕ್ಷ ಪ್ರೇಕ್ಷಕರ ಮುಂದೆ. ಮ್ಯಾಥ್ಯೂಸ್ ಅವರಿಗೆ ಆಗ ಮೂವತ್ತೆಂಟು. ಎದುರಾಳಿ ಬೋಲ್ಟನ್ ಎರಡನೆಯ ಅರ್ಧದಲ್ಲಿ 3-1ರಿಂದ ಮುಂದಿತ್ತು. ಕೊನೆಯ ಇಪ್ಪತ್ತೆರಡು-ಇಪ್ಪತ್ತಮೂರು ನಿಮಿಷಗಳಲ್ಲಿ ಬಲ ಅಂಚಿನಿಂದ ಚೆಂಡು ಮತ್ತೆ ಮತ್ತೆ ಗೋಲಿನ ಮುಂದೆ ಬಂದು ಬಿದ್ದಿತು. ಸ್ಟ್ಯಾನ್ ಮಾರ್ಟೆನ್ಸನ್ ತಮ್ಮ ಮೂರನೆಯ ಗೋಲು ಹೊಡೆದು ಸಮಗೊಳಿಸಿದರು. ಕಟ್ಟಕಡೆಯ ಕ್ಷಣಗಳಲ್ಲಿ ಮ್ಯಾಥ್ಯೂಸ್ ಕಾಲುಜಾರುತ್ತಲೇ ಹಿಂದಕ್ಕೆ ತಳ್ಳಿದ ಚೆಂಡನ್ನು ಬಿಲ್ ಪೆರ್ರಿ ಗೋಲಾಗಿಸಿದರು. 4-3. ಆ ಪಂದ್ಯಕ್ಕೆ ಜನ ಮ್ಯಾಥ್ಯೂಸ್ ಫೈನಲ್ ಎಂದೇ ಹೆಸರಿಟ್ಟರು. ಅವರಿಗೆ ಆ ಹೆಸರು ಸರಿಬರಲಿಲ್ಲ. ಮೂರು ಗೋಲು ಹೊಡೆದ ಮಾರ್ಟೆನ್ಸನ್‌ಗೆ ಅನ್ಯಾಯವಾಯಿತೆಂದು ಕಡೆಯವರೆಗೂ ಹೇಳುತ್ತಿದ್ದರು. ವಾರಕ್ಕೆ ಸುಮಾರು 15 ಪೌಂಡಿನ ಆಟಗಾರರು ಆ ಸಂಜೆ ನಾಡಿಗೆಲ್ಲ ಹಬ್ಬ ತಂದಿದ್ದರು. 1956ರಲ್ಲಿ, ಆಗ ಯೂರೋಪಿನ ಶ್ರೇಷ್ಠ ಆಟಗಾರನಿಗೆ ಕೊಡುತ್ತಿದ್ದ ಬ್ಯಾಲನ್ ಡಿ'ಓರ್ ಆರಂಭವಾದಾಗ, ಮೊದಲ ಪ್ರಶಸ್ತಿ ಸಂದದ್ದು ನಲವತ್ತೊಂದರ ಮ್ಯಾಥ್ಯೂಸ್ ಅವರಿಗೇ.

1961ರ ಜನವರಿಯಲ್ಲಿ, ಆಟಗಾರರ ಸಂಘ ಮುಷ್ಕರದ ಬೆದರಿಕೆ ಹಾಕಿದ ಮೇಲೆ, ಗರಿಷ್ಠ ಸಂಬಳದ ನಿಯಮ ರದ್ದಾಯಿತು. ಫುಟ್‌ಬಾಲಿಗೆ ದುಡ್ಡಿನ ಹುಳು ಬಿದ್ದ ದಿನ ಅದೇ ಎಂದು ನಮ್ಮ ಪಕ್ಕದ ಮನೆಯವರ ವಾದ. ತಮಾಷೆಯೆಂದರೆ, ಅವರ ಬಾಲ್ಯದ ಅತ್ಯಂತ ಸಿಹಿಯಾದ ನೆನಪು ಹುಟ್ಟಿದ್ದೂ ಅದೇ ವರ್ಷ. ಅಕ್ಟೋಬರಿನಲ್ಲಿ ಮ್ಯಾಥ್ಯೂಸ್ ನಲವತ್ತಾರರ ವಯಸ್ಸಿನಲ್ಲಿ ಸ್ಟೋಕ್‌ಗೆ ಮರಳಿದರು, ವಾರಕ್ಕೆ 50 ಪೌಂಡು ಸಂಬಳಕ್ಕೆ. ಅದಕ್ಕೆ ಮೊದಲು ಎಂಟು ಸಾವಿರ ಜನ ಬರುತ್ತಿದ್ದ ಮೈದಾನಕ್ಕೆ ಅಂದು 35,974 ಜನ ಬಂದರು. ಆ ಗುಂಪಿನಲ್ಲಿ ತಂದೆಯ ಹೆಗಲ ಮೇಲೆ ನಮ್ಮ ನೆರೆಯವರೂ ಇದ್ದರು. ಎರಡು ವರ್ಷಗಳಲ್ಲಿ ಸ್ಟೋಕ್ ಮೊದಲ ದರ್ಜೆಗೆ ಏರಿತು. 1965ರ ಹೊಸವರ್ಷದಂದು ಸರ್ ಪದವಿ ಬಂತು. ಫೆಬ್ರವರಿ 6ರಂದು, ಐವತ್ತು ತುಂಬಿ ಐದು ದಿನಗಳಾದ ಮೇಲೆ, ಅವರು ಕೊನೆಯ ಲೀಗ್ ಪಂದ್ಯವಾಡಿದರು.

ಆ ಮೇಲಿನ ಬದುಕನ್ನು ಇಲ್ಲಿಯವರು ಅಷ್ಟಾಗಿ ಹೇಳುವುದಿಲ್ಲ. ನನಗೆ ಹೆಚ್ಚು ಹತ್ತಿರವಾದದ್ದು ಅದೇ. ನೆರೆಯ ಪೋರ್ಟ್ ವೇಲ್ ಕ್ಲಬ್ಬಿನ ಆಡಳಿತ ವಹಿಸಿಕೊಂಡು ಕೈಸುಟ್ಟುಕೊಂಡರು. ಬರಬೇಕಾದ ಸಂಬಳದಲ್ಲಿ ದೊಡ್ಡ ಭಾಗ ಬರಲಿಲ್ಲ. ಬಳಿಕ ದೇಶ ಬಿಟ್ಟರು. ಮಾಲ್ಟಾ, ದಕ್ಷಿಣ ಆಫ್ರಿಕಾ, ಕೆನಡಾ ಎಂದು ಎರಡು ದಶಕಗಳಷ್ಟು ಕಾಲ ಹೊರದೇಶಗಳಲ್ಲಿ ಬಾಳಿದರು. ವರ್ಣಭೇದ ನೀತಿಯ ಕಾಲದಲ್ಲಿ ಸೊವೆಟೊದ ಕಪ್ಪು ಹುಡುಗರಿಗೆ ಆಟ ಕಲಿಸಿದರು. 1975ರಲ್ಲಿ ಆ ಹುಡುಗರ ತಂಡವನ್ನು ಬ್ರೆಜಿಲ್‌ಗೆ ಕರೆದೊಯ್ದರು. ಒಂದು ಕಾಲದಲ್ಲಿ ಊರು ಬಿಡಕೂಡದೆಂದು ಸಭೆ ಸೇರಿಸಿ ತಡೆಯಲಾಗಿದ್ದ ಮನುಷ್ಯ ಕೊನೆಗೆ ಎಲ್ಲಿಯೂ ನಿಲ್ಲದವರಾದರು. ಮುಪ್ಪಿನಲ್ಲಿ ಸ್ಟೋಕ್‌ಗೇ ಹಿಂತಿರುಗಿ, 2000ದ ಫೆಬ್ರವರಿ 23ರಂದು ಎಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಚಿತಾಭಸ್ಮವನ್ನು ಹೊಸ ಮೈದಾನದ ನಡುವೃತ್ತದ ಕೆಳಗೆ ಹೂಳಿದ್ದಾರೆ. ಆ ಮೈದಾನಕ್ಕೆ ಈಗ ಜೂಜಿನ ಸಂಸ್ಥೆಯೊಂದರ ಹೆಸರಿದೆ.

ಫುಟ್‌ಬಾಲಿನ ಸೊಗಸು ಹೋಯಿತೇ? ಆಟ ಇಂದು ಹಿಂದಿಗಿಂತ ವೇಗವಾಗಿದೆ, ಚೊಕ್ಕವಾಗಿದೆ ಎಂದೇ ನನ್ನ ಅನಿಸಿಕೆ. ಹೋದದ್ದು ಆ ಬಸ್ಸು. ಆಟಗಾರನೂ ನೋಡುಗನೂ ಒಂದೇ ಸೀಟಿನಲ್ಲಿ ಕೂತಿದ್ದ ಬಸ್ಸು. ಆಟಗಾರ ಅದರಿಂದ ಇಳಿದು ಹೋದದ್ದಕ್ಕೆ ಅವನನ್ನು ದೂರಲು ನನಗೆ ನಾಲಗೆ ಬರುವುದಿಲ್ಲ. ನಾವೂ ಅಂಥದೊಂದು ಬಸ್ಸಿನಿಂದ ಇಳಿದು ಬಂದವರೇ. ಆದರೆ ಟಿಕೆಟಿನ ಬೆಲೆ ಕೇಳಿ ಸಪ್ಪಗಾದ ಹುಡುಗನ ಮುಖವನ್ನೂ ಮರೆಯಲಾಗುತ್ತಿಲ್ಲ. ಆಟಗಾರನಿಗೆ ನ್ಯಾಯವಾದ ಕೂಲಿ ಸಿಗಲು ಬಡ ನೋಡುಗ ಹೊರಗುಳಿಯಲೇಬೇಕೆಂದು ಯಾವ ನಿಯಮವೂ ಹೇಳಿಲ್ಲ.

ಹೊರಡುವ ಮೊದಲಿನ ಶನಿವಾರ ಸ್ಟೋಕ್‌ನ ಪಂದ್ಯವಿತ್ತು. ಎರಡನೆಯ ದರ್ಜೆಯ ಲೀಗ್. ಟಿಕೆಟ್ ಸುಲಭವಾಗಿ ಸಿಕ್ಕಿತು. ಮೂರು ಕೊಂಡು, ಒಂದನ್ನು ಪಕ್ಕದ ಮನೆಯವರಿಗೆ ಕೊಟ್ಟೆ. ಬೇಡವೆನ್ನುತ್ತಲೇ ಕೆಂಪು-ಬಿಳಿ ಪಟ್ಟೆಯ ಹಳೆಯ ಮಫ್ಲರ್ ಸುತ್ತಿಕೊಂಡು ಹೊರಟರು. ಆಟ ಶುರುವಾಗುವ ಮುನ್ನ ನಡುವೃತ್ತದಲ್ಲಿ ಚೆಂಡಿಟ್ಟಾಗ, ಅವರು ಹುಡುಗನ ತೋಳು ತಟ್ಟಿ ಆ ಜಾಗವನ್ನು ತೋರಿಸಿದರು. ಪಂದ್ಯದಲ್ಲಿ ಒಂದು ಗೋಲೂ ಆಗಲಿಲ್ಲ. ದುಡ್ಡು ದಂಡವಾಯಿತೆಂದು ದಾರಿಯುದ್ದಕ್ಕೂ ಗೊಣಗಿದ ಹಿರಿಯರು, ಮನೆಯ ಗೇಟು ತೆರೆಯುತ್ತ, ತವರು ಮೈದಾನದ ಮುಂದಿನ ಪಂದ್ಯ ಯಾವಾಗ ಎಂದು ಹುಡುಗನ ಫೋನಿನಲ್ಲಿ ನೋಡಿ ಹೇಳಲು ಕೇಳಿದರು.