ಕೋಟಿನ ಜೇಬಿನಲ್ಲಿ ಒಂದು ಕಟ್ಟು ಎಲೆ

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಮದುವೆ ಮನೆ, ಮುಂಜಿ ಮನೆಗಳಿಗೆ ಹೋದವರಿಗೆ ಇದು ಗೊತ್ತಿರುತ್ತೆ. ಊಟ ಮುಗಿದು ಕವಳದ ಬಟ್ಟಲು ಒಂದು ಸುತ್ತು ಬಂದ ಮೇಲೆ ಒಂದಷ್ಟು ಜನ ಮೆತ್ತಿಗೆ ಹತ್ತಿ, ಕಂಬಳಿ ಹಾಸಿ, ಇಸ್ಪೀಟಿಗೆ ಕೂತುಬಿಡ್ತಾರೆ. ಆ ಗುಂಪಿನಲ್ಲಿ ಎಲೆ ಕಲೆಸುವುದನ್ನೇ ನೋಡುತ್ತಾ ಕೂರಬೇಕು ಅನ್ನಿಸುವಂಥ ಒಬ್ಬ ಮಾವ ಇದ್ದೇ ಇರ್ತಾರೆ. ಆ ಬೆರಳು ನೋಡಿಯೇ ನನಗೂ ಕೈಚಳಕದ ಹುಚ್ಚು ಹತ್ತಿದ್ದು. ಸೆಮಿಸ್ಟರ್ ರಜೆಯಲ್ಲಿ ಒಂದು ಕಟ್ಟು ತಂದುಕೊಂಡು ಕೂತೆ. ಮೂರು ವಾರ ಆದರೂ ಅರ್ಧ ಎಲೆ ಕೈಯಲ್ಲಿ, ಅರ್ಧ ನೆಲದಲ್ಲಿ. ಬಿಟ್ಟುಬಿಡೋಣ ಅಂದುಕೊಂಡಿದ್ದಾಗ ಓದಿದ್ದು ರಾಬರ್ಟ್ ಹೂಡಿನ್ ಕತೆ. ಹೂಡಿನಿ ಅಲ್ಲ, ಹೂಡಿನ್. ಸರಪಳಿ ಬಿಡಿಸಿಕೊಳ್ಳುತ್ತಿದ್ದ ಹೂಡಿನಿ ತನ್ನ ಹೆಸರನ್ನು ಈತನಿಂದಲೇ ತಗೊಂಡಿದ್ದು. ಅದರ ರಾಮಾಯಣ ಆಮೇಲೆ.

ಜೀನ್ ಯೂಜೀನ್ ರಾಬರ್ಟ್ ಹುಟ್ಟಿದ್ದು 1805ರ ಡಿಸೆಂಬರಿನಲ್ಲಿ, ಫ್ರಾನ್ಸಿನ ಬ್ಲ್ವಾ ಎಂಬ ಊರಿನಲ್ಲಿ. ಅಪ್ಪ ಗಡಿಯಾರ ಮಾಡುವವರು. ಹುಡುಗನಿಗೆ ಚಿಕ್ಕಂದಿನಿಂದ ಅರ, ಸುತ್ತಿಗೆ, ಹಲ್ಲುಚಕ್ರ ಇವೇ ಆಟಿಕೆ. ಆದರೆ ಅಪ್ಪನ ಲೆಕ್ಕಾಚಾರ ಬೇರೆ: ಮಗ ಕೈ ಮಸಿ ಮಾಡಿಕೊಳ್ಳೋದು ಬೇಡ, ಓದಿ ಕಾನೂನಿನ ಕೆಲಸ ಹಿಡಿಯಲಿ. ಹನ್ನೊಂದನೇ ವಯಸ್ಸಿಗೆ ಓರ್ಲಿಯಾನ್ ಊರಿನ ಶಾಲೆಗೆ ಕಳಿಸಿದರು, ಹದಿನೆಂಟಕ್ಕೆ ಓದು ಮುಗಿಯಿತು, ಆಮೇಲೆ ನೋಟರಿ ಕಚೇರಿಯಲ್ಲಿ ಗುಮಾಸ್ತಿಕೆ. (ನಮ್ಮಲ್ಲಿ ಕತೆ ಉಲ್ಟಾ. ಬೇರೆ ಏನೋ ಮಾಡಬೇಕೆಂದವರನ್ನು ಎಂಜಿನಿಯರಿಂಗಿಗೆ ತಂದು ಹಾಕ್ತಾರೆ.) ಎರಡನೇ ನೋಟರಿಯ ಮನೆಯಲ್ಲಿ ಒಂದು ದೊಡ್ಡ ಹಕ್ಕಿಗೂಡು ಇತ್ತು. ಕಡತ ನಕಲು ಮಾಡಬೇಕಾದ ಹುಡುಗ ಆ ಗೂಡಿಗೆ ಸಣ್ಣ ಸಣ್ಣ ಯಂತ್ರ ಜೋಡಿಸುತ್ತಾ ಕೂತ. ಹಕ್ಕಿ ಬಂದು ಕೂತರೆ ಏನೋ ಒಂದು ತಿರುಗಬೇಕು, ಇನ್ನೇನೋ ಒಂದು ತೆರೆದುಕೊಳ್ಳಬೇಕು. ನೋಟರಿ ಒಳ್ಳೆ ಮನುಷ್ಯ. ಇವನು ಕಚೇರಿಗೆ ಸಲ್ಲುವವನಲ್ಲ, ಯಂತ್ರದ ಕಡೆಗೇ ಹೋಗಲಿ ಅಂತ ಅಪ್ಪನಿಗೆ ತಿಳಿಹೇಳಿದರು. ಅಪ್ಪ ಸೋತರು. ಹುಡುಗ ಸಂಬಂಧಿಯೊಬ್ಬರ ಹತ್ತಿರ ಗಡಿಯಾರದ ಕೆಲಸ ಕಲಿಯೋಕೆ ಸೇರಿದ.

ಬದುಕು ತಿರುಗಿದ್ದು ಒಂದು ಪುಸ್ತಕದಂಗಡಿಯ ಎಡವಟ್ಟಿನಿಂದ. ಗಡಿಯಾರ ಶಾಸ್ತ್ರದ ಮೇಲೆ ಫರ್ಡಿನೆಂಡ್ ಬೆರ್ಥೂ ಬರೆದ ಎರಡು ಸಂಪುಟ ಬೇಕು ಅಂತ ಕೇಳಿದ್ದ. ಅಂಗಡಿಯವರು ಸಂಜೆ ಹೊತ್ತಿನಲ್ಲಿ ಎರಡು ಸಂಪುಟ ಕಟ್ಟಿಕೊಟ್ಟರು. ಮನೆಗೆ ಬಂದು ಬಿಚ್ಚಿದರೆ ಅವು ವೈಜ್ಞಾನಿಕ ವಿನೋದಗಳ ವಿಶ್ವಕೋಶ, ಅದರಲ್ಲಿ ಇಸ್ಪೀಟಿನ ಚಮತ್ಕಾರವೂ ಇತ್ತು. ವಾಪಸು ಕೊಡುವ ಬದಲು ರಾತ್ರಿಯಿಡೀ ಓದಿದ. ಆದರೆ ಆ ಪುಸ್ತಕ ಚಮತ್ಕಾರದ ಗುಟ್ಟು ಹೇಳುತ್ತಿತ್ತೇ ಹೊರತು ಕೈ ಹೇಗೆ ಆಡಬೇಕು ಅನ್ನೋದನ್ನು ಹೇಳುತ್ತಿರಲಿಲ್ಲ. ಯೂಟ್ಯೂಬ್ ನೋಡಿ ಕಲಿಯಲು ಹೊರಟ ನಮ್ಮ ಪಾಡೂ ಅದೇ. ಗುಟ್ಟು ಗೊತ್ತಾಗೋಕೆ ಎರಡು ನಿಮಿಷ ಸಾಕು, ಕೈಗೆ ಗೊತ್ತಾಗೋಕೆ ತಿಂಗಳುಗಟ್ಟಲೆ ಬೇಕು.

ಅವನು ಗುರು ಹುಡುಕಿದ. ಸಿಕ್ಕಿದ್ದು ಮಾವೂಸ್ ಎಂಬಾತ. ಕಾಲಿನ ಆಣಿ ಕತ್ತರಿಸುವುದು ಆತನ ಕಸುಬು, ಬಿಡುವಿನಲ್ಲಿ ಚೆಂಡಾಟ, ಕೈಚಳಕ. ಹತ್ತು ಫ್ರಾಂಕಿಗೆ ಪಾಠ ಗೊತ್ತಾಯಿತು. ಮಾವೂಸ್ ಇಸ್ಪೀಟಿನಿಂದ ಶುರು ಮಾಡಲಿಲ್ಲ, ಚೆಂಡು ಎಸೆದು ಹಿಡಿಯುವುದರಿಂದ ಶುರು ಮಾಡಿಸಿದ. ಕಣ್ಣಿಗೂ ಬೆರಳಿಗೂ ಮೊದಲು ಹೊಂದಾಣಿಕೆ ಆಗಲಿ ಅನ್ನೋದು ಲೆಕ್ಕ. ಒಂದು ತಿಂಗಳಿನಲ್ಲಿ ಶಿಷ್ಯ ನಾಲ್ಕು ಚೆಂಡು ಗಾಳಿಯಲ್ಲಿ ಆಡಿಸುತ್ತಾ ಎದುರಿಗೆ ಇಟ್ಟ ಪುಸ್ತಕವನ್ನು ನಿರಾತಂಕವಾಗಿ ಓದುವ ಮಟ್ಟಕ್ಕೆ ಬಂದ. ಅಂದರೆ ಕೈ ಏನು ಮಾಡ್ತಿದೆ ಅಂತ ತಲೆ ನೋಡಬೇಕಾಗಿಲ್ಲ. ಕೈಚಳಕದ ಅರ್ಧ ಪಾಠ ಇದೇ ಅಂತ ನನಗೀಗ ಅನ್ನಿಸುತ್ತೆ. ಯಾಕೆ ಅಂದರೆ ಹೊಸಬ ತಪ್ಪು ಮಾಡೋದು ಬೆರಳಿನಲ್ಲಲ್ಲ, ಕಣ್ಣಿನಲ್ಲಿ. ಗುಟ್ಟಿನ ಕ್ಷಣ ಬಂದಾಗ ತಾನೇ ತನ್ನ ಕೈ ನೋಡಿಕೊಳ್ತಾನೆ. ಅವನು ನೋಡಿದ ಕಡೆಗೇ ಎಲ್ಲರೂ ನೋಡ್ತಾರೆ.

ಆಮೇಲೆ ಇಸ್ಪೀಟು. ಕೋಟಿನ ಎರಡೂ ಪಕ್ಕ ಸೊಂಟದ ಹತ್ತಿರ ದೊಡ್ಡ ಜೇಬು ಹೊಲಿಸಿಕೊಂಡ. ಒಂದರಲ್ಲಿ ಎಲೆ, ಇನ್ನೊಂದರಲ್ಲಿ ನಾಣ್ಯ, ಚೆಂಡು. ರಸ್ತೆಯಲ್ಲಿ ಹೋಗುವಾಗ ಎರಡೂ ಕೈ ಜೇಬಿನೊಳಗೇ. ಊಟಕ್ಕೆ ಕೂತರೆ ಒಂದು ಕೈಯಲ್ಲಿ ಸೂಪು, ಇನ್ನೊಂದು ಕೈಯಲ್ಲಿ ಕಟ್ಟು. ಹಾಗೆ ಅವನು ಕಲಿಯುತ್ತಿದ್ದ ಪಟ್ಟಿಗೆ ಫ್ರೆಂಚರಲ್ಲಿ ಕಟ್ ಹಾರಿಸೋದು ಅಂತ ಹೆಸರು. ವಿಷಯ ಹೀಗೆ: ನೋಡುಗ ಒಂದು ಎಲೆ ಆರಿಸಿ ಕಟ್ಟಿನ ನಡುವೆ ಇಡ್ತಾನೆ. ಅದರ ಮೇಲೆ ಕಿರುಬೆರಳಿನ ತುದಿ ಸಣ್ಣಗೆ ತೂರಿರುತ್ತೆ. ಮುಂದಿನ ಅರೆಕ್ಷಣದಲ್ಲಿ ಕೆಳಗಿನ ಅರ್ಧ ಕಟ್ಟು ಮೇಲೆ, ಮೇಲಿನ ಅರ್ಧ ಕೆಳಗೆ. ಆರಿಸಿದ ಎಲೆ ಎಲ್ಲಕ್ಕಿಂತ ಮೇಲೆ ಬಂದು ಕೂತಿರುತ್ತೆ. ಹೊರಗಿನಿಂದ ನೋಡಿದರೆ ಕೈ ಅಲ್ಲಾಡಲೇ ಇಲ್ಲ. ಎರಡು ಕೈಯಲ್ಲಿ ಮಾಡೋದೇ ಕಷ್ಟ, ಒಂದೇ ಕೈಯಲ್ಲೂ ಮಾಡುವವರಿದ್ದಾರೆ. ನಾನಂತೂ ಇನ್ನೂ ಎರಡು ಕೈಯಲ್ಲೇ ಒದ್ದಾಡ್ತಿದ್ದೀನಿ.

ಇಲ್ಲಿಂದ ಮುಂದೆ ಹೂಡಿನ್ ಆತ್ಮಕತೆಯಲ್ಲಿ ಒಂದು ಸಿನಿಮಾ ಕತೆ ಬರುತ್ತೆ. ತೂರ್ ಎಂಬ ಊರಿನಲ್ಲಿ ಕೆಲಸಕ್ಕಿದ್ದಾಗ ಕೆಟ್ಟ ಊಟ ತಿಂದು ಜ್ವರ ಬಂದು, ಮನೆಗೆ ಹೊರಟವನು ದಾರಿಯಲ್ಲಿ ಬಿದ್ದು, ಟೊರೀನಿ ಎಂಬ ಸಂಚಾರಿ ಜಾದೂಗಾರ ಅವನನ್ನು ಬಂಡಿಯಲ್ಲಿ ಮಲಗಿಸಿಕೊಂಡು ಉಳಿಸಿ ವಿದ್ಯೆ ಕಲಿಸಿದ ಅಂತ. ಓದೋಕೆ ಬಹಳ ಚೆನ್ನಾಗಿದೆ. ಆದರೆ ಟೊರೀನಿ ಎಂಬ ಮನುಷ್ಯನ ದಾಖಲೆ ಎಲ್ಲೂ ಸಿಗದೆ, ಇದು ಕಟ್ಟುಕತೆ ಅಂತಲೇ ಸಂಶೋಧಕರು ತೀರ್ಮಾನಕ್ಕೆ ಬಂದಿದ್ದಾರೆ. ಜಾದೂಗಾರ ತನ್ನ ಜೀವನಚರಿತ್ರೆಯಲ್ಲೂ ಒಂದೆಲೆ ಅಂಗೈಯಲ್ಲಿ ಅಡಗಿಸಿದ ಅಂದುಕೊಳ್ಳೋಣ.

1830ರಲ್ಲಿ ಪ್ಯಾರಿಸ್ಸಿನ ಗಡಿಯಾರದವರೊಬ್ಬರ ಮಗಳು ಸೆಸಿಲ್ ಹೂಡಿನ್ ಜೊತೆ ಮದುವೆ. ಹೆಂಡತಿಯ ಮನೆತನದ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡ, ಅದಕ್ಕೇ ರಾಬರ್ಟ್ ಹೂಡಿನ್. ಮುಂದಿನ ಹದಿನೈದು ವರ್ಷ ಮಾವನ ಕಾರ್ಖಾನೆ, ಗಡಿಯಾರ, ಯಂತ್ರಗೊಂಬೆ. ಎಂಟು ಮಕ್ಕಳು ಹುಟ್ಟಿ ಮೂರು ಉಳಿದವು. 1843ರಲ್ಲಿ ಸೆಸಿಲ್ ತೀರಿಕೊಂಡಳು, ಆಮೇಲೆ ಎರಡನೇ ಮದುವೆ. 1844ರ ಪ್ಯಾರಿಸ್ ಪ್ರದರ್ಶನದಲ್ಲಿ ಅವನ ಬರೆಯುವ, ಚಿತ್ರ ಬಿಡಿಸುವ ಗೊಂಬೆ ಹೆಸರು ಮಾಡಿತು, ಅಮೆರಿಕದ ಬಾರ್ನಮ್ ಅದನ್ನು ಕೊಂಡುಕೊಂಡ. ಜೇಬಿನೊಳಗಿನ ಎಲೆ ಇಷ್ಟು ವರ್ಷ ಕಾದಿತ್ತು ಅನ್ನೋದನ್ನು ಗಮನಿಸಿ. ಹೊರಗಿನವರ ಮುಂದೆ ಟಿಕೆಟ್ ಇಟ್ಟು ಆಟ ತೋರಿಸುವಾಗ ಅವನಿಗೆ ಹತ್ತಿರ ಹತ್ತಿರ ನಲವತ್ತು.

1845ರ ಜುಲೈ 3ರಂದು ಪ್ಯಾರಿಸ್ಸಿನ ಪಲೇ ರೊಯಾಲ್‌ನಲ್ಲಿ ಇನ್ನೂರು ಸೀಟಿನ ಸಣ್ಣ ರಂಗಮಂದಿರ ತೆರೆದ. ಮೊದಲ ದಿನ ತೋಪು. ಗಾಬರಿಯಲ್ಲಿ ಗಡಗಡ ಮಾತಾಡಿ, ಒಂದೇ ರಾಗದಲ್ಲಿ ಒಪ್ಪಿಸಿ ಮುಗಿಸಿದ. ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಮುಚ್ಚಿಬಿಡುವ ತೀರ್ಮಾನ. ಅಷ್ಟರಲ್ಲಿ ಸ್ನೇಹಿತನೊಬ್ಬ ಬಂದು, ಒಳ್ಳೇದೇ ಆಯ್ತು, ಮೊದಲಿಂದಲೂ ಇದು ಹುಚ್ಚಾಟವೇ ಆಗಿತ್ತು ಎಂಬ ಅರ್ಥದಲ್ಲಿ ಏನೋ ಅಂದ. ಸಮಾಧಾನ ಮಾಡಿದ್ದರೆ ಹೂಡಿನ್ ಮತ್ತೆ ಗಡಿಯಾರ ರಿಪೇರಿಗೆ ಹೋಗ್ತಿದ್ದನೋ ಏನೋ. ಆ ಮಾತಿಗೆ ಸಿಟ್ಟು ಬಂದು ಅದೇ ದಿನ ಮತ್ತೆ ಆಟ ಹಾಕಿಸಿದ. ನಿಧಾನಕ್ಕೆ ಕುದುರಿತು.

ಅವನು ರಂಗವನ್ನು ಬದಲಾಯಿಸಿದ್ದು ನಮ್ಮ ಯಕ್ಷಗಾನಕ್ಕೆ ಉಲ್ಟಾ ದಾರಿಯಲ್ಲಿ. ಆ ಕಾಲದ ಎಷ್ಟೋ ಜಾದೂಗಾರರು ಉದ್ದ ನಿಲುವಂಗಿ, ಚೂಪು ಟೋಪಿ, ಮೇಜಿನ ಮೇಲೆ ನೆಲ ಮುಟ್ಟುವ ಬಟ್ಟೆ ಇಟ್ಟುಕೊಳ್ತಿದ್ದರು. ಇವನು ವೇಷ ಕಳಚಿದ. ಪ್ರೇಕ್ಷಕರು ಹಾಕಿಕೊಂಡು ಬರುವ ಸಂಜೆ ಕೋಟೇ ತನಗೂ, ಮೇಜಿನ ಕೆಳಗೆ ಯಾರಿಗೂ ಅಡಗಲು ಜಾಗ ಇಲ್ಲ. ತಾನೊಬ್ಬ ಮಾಂತ್ರಿಕನ ಪಾತ್ರ ಮಾಡುವ ನಟ ಅಷ್ಟೇ ಅನ್ನೋದು ಅವನ ನಿಲುವು. 1846ರ ಫೆಬ್ರವರಿಯಲ್ಲಿ ಮಗ ಎಮಿಲ್‌ನ ಕಣ್ಣು ಕಟ್ಟಿ ಕೂರಿಸಿ, ಪ್ರೇಕ್ಷಕರ ಕೈಯಲ್ಲಿರುವ ವಸ್ತು ಯಾವುದು ಅಂತ ಹೇಳಿಸುವ ಆಟ ತಂದ. ಪ್ಯಾರಿಸ್ ಹುಚ್ಚಾಯಿತು. ಅದರ ಹಿಂದಿನ ಅಭ್ಯಾಸ ಕೇಳಿ: ಅಪ್ಪ ಮಗ ಇಬ್ಬರೂ ಅಂಗಡಿಯ ಗಾಜಿನ ಮುಂದೆ ಒಂದು ಸಲ ನಡೆದು ಹೋಗಿ, ಸ್ವಲ್ಪ ದೂರದಲ್ಲಿ ನಿಂತು ಕಂಡಿದ್ದನ್ನೆಲ್ಲ ಬರೆಯಬೇಕು. ಹುಡುಗ ಸುಮಾರು 40 ವಸ್ತು ಬರೆಯುತ್ತಿದ್ದನಂತೆ, ಅಪ್ಪ 30ಕ್ಕೇ ಸುಸ್ತು.

ನನಗೆ ಎಲ್ಲಕ್ಕಿಂತ ಇಷ್ಟ 1849ರ ಪ್ರಸಂಗ. ಪ್ಯಾರಿಸ್ಸಿನ ತನಿಖಾ ನ್ಯಾಯಾಧೀಶರೊಬ್ಬರು ಅವನಿಗೆ 150 ಕಟ್ಟು ಇಸ್ಪೀಟು ಕಳಿಸಿದರು. ಜೂಜುಕೋರನೊಬ್ಬನ ಹತ್ತಿರ ಸಿಕ್ಕಿದ್ದು, ಮೋಸ ಇದೆ ಅನ್ನೋ ಗುಮಾನಿ, ಸಾಕ್ಷಿ ಇಲ್ಲ. ಹೂಡಿನ್ ಎರಡು ವಾರ ಒಂದೊಂದೇ ಎಲೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದ. ಹಿಂಬದಿ ಸಾದಾ ಬಿಳಿ, ಗೆರೆ ಇಲ್ಲ, ಉಗುರಿನ ಗುರುತು ಇಲ್ಲ. ಬೇಸತ್ತು ಕಟ್ಟನ್ನು ಮೇಜಿನ ಮೇಲೆ ಎಸೆದ. ಆಗ ಓರೆಯಾಗಿ ಬಿದ್ದ ಬೆಳಕಿನಲ್ಲಿ ಒಂದು ಎಲೆಯ ಹೊಳಪಿನ ಮೇಲೆ, ಮೂಲೆಯ ಹತ್ತಿರ, ಒಂದು ಮಂಕು ಚುಕ್ಕೆ ಕಂಡಿತು. ಹತ್ತಿರ ಹಿಡಿದರೆ ಮಾಯ, ದೂರ ಹಿಡಿದರೆ ಕಾಣುತ್ತೆ. ಎಲ್ಲ ಎಲೆಯಲ್ಲೂ ಅಂಥದೇ ಒಂದು ಚುಕ್ಕೆ, ಜಾಗ ಮಾತ್ರ ಬೇರೆ ಬೇರೆ. ಅವರ ಆ ಆಟಕ್ಕೆ 32 ಎಲೆ. ಒಂದು ದಿಕ್ಕಿನಲ್ಲಿ 8 ಮನೆ, ಎಲೆಯ ಬೆಲೆಗೆ. ಇನ್ನೊಂದು ದಿಕ್ಕಿನಲ್ಲಿ 4 ಮನೆ, ಆಟೀನು, ಕಳಾವರ ಇತ್ಯಾದಿ ಜಾತಿಗೆ. ಎಂಟು ನಾಲ್ಕಲಿ ಮೂವತ್ತೆರಡು. ಒಂದೇ ಚುಕ್ಕೆ, ಎರಡು ನಿರ್ದೇಶಾಂಕ, ಎಲೆ ಪೂರ್ತಿ ಬಯಲು. ನಾವು ಇದನ್ನು ಐದು ಬಿಟ್ ಅಂತೀವಿ. ಆ ಮೋಸಗಾರ ಯಾವ ಕಾಲೇಜಿಗೆ ಹೋಗಿದ್ದನೋ. 1861ರಲ್ಲಿ ಹೂಡಿನ್ ಜೂಜಿನ ಮೋಸಗಳ ಮೇಲೆ ಒಂದಿಡೀ ಪುಸ್ತಕವನ್ನೇ ಬರೆದ. 1868ರ ಇನ್ನೊಂದು ಪುಸ್ತಕ ಕೈಚಳಕ ಕಲಿಯುವವರಿಗೆ, ಅಂದು ಪುಸ್ತಕದಲ್ಲಿ ಸಿಗದೆ ತಾನು ಪರದಾಡಿದ ಬೆರಳಿನ ವಿವರ ಅದರಲ್ಲಿದೆ.

ಇನ್ನು ಅಷ್ಟು ಇಷ್ಟವಾಗದ ಪ್ರಸಂಗ. 1852ರ ಹೊತ್ತಿಗೆ ಅವನು ರಂಗಮಂದಿರವನ್ನು ಬೇರೆಯವರಿಗೆ ವಹಿಸಿ ಬ್ಲ್ವಾ ಹತ್ತಿರದ ಹಳ್ಳಿಮನೆ ಸೇರಿದ್ದ. 1856ರಲ್ಲಿ ಫ್ರೆಂಚ್ ಸರ್ಕಾರ ಅಲ್ಜೀರಿಯಾಕ್ಕೆ ಕರೆಸಿಕೊಂಡಿತು. ಅಲ್ಲಿ ಫ್ರೆಂಚರ ಆಳ್ವಿಕೆ, ಜನ ನಂಬುತ್ತಿದ್ದ ಧರ್ಮಗುರುಗಳು ದಂಗೆ ಎಬ್ಬಿಸ್ತಾರೆ ಎಂಬ ಭಯ. ಅವರ ಪವಾಡಕ್ಕಿಂತ ಫ್ರೆಂಚರ ಪವಾಡ ದೊಡ್ಡದು ಅಂತ ತೋರಿಸಬೇಕಿತ್ತು. ಹೂಡಿನ್ ಒಯ್ದಿದ್ದು ಒಂದು ಸಣ್ಣ ಪೆಟ್ಟಿಗೆ, ತಳದಲ್ಲಿ ಕಬ್ಬಿಣ. ರಂಗದ ಕೆಳಗೆ ವಿದ್ಯುತ್ಕಾಂತ. ವಿದ್ಯುತ್ಕಾಂತ ಬಂದು ಆಗಿನ್ನೂ ಮೂವತ್ತು ವರ್ಷ, ಸಾಮಾನ್ಯ ಜನರಿಗೆ ಗೊತ್ತಿಲ್ಲ. ಗಟ್ಟಿಮುಟ್ಟಾದ ಅಲ್ಜೀರಿಯದ ಯುವಕನೊಬ್ಬನನ್ನು ಕರೆದು ಎತ್ತಿಸಿದ, ಸುಲಭಕ್ಕೆ ಬಂತು. ಈಗ ನಿನ್ನ ಶಕ್ತಿ ಕಿತ್ತುಕೊಂಡೆ ಅಂತ ಘೋಷಿಸಿದ ಮೇಲೆ ಅಲ್ಲಾಡಲೇ ಇಲ್ಲ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಹಿಡಿಕೆಗೆ ಕರೆಂಟೂ ಬಿಟ್ಟ. ಆ ಮನುಷ್ಯ ಕಿರುಚಿ ಮಂಡಿಯೂರಿ, ಬಿಡಿಸಿಕೊಂಡು ಓಡಿದ.

ಆಮೇಲೆ ದುಭಾಷಿಗಳ ಮೂಲಕ ಇದೆಲ್ಲ ಬರೀ ವಿದ್ಯೆ, ಮಂತ್ರ ಅಲ್ಲ ಅಂತ ತಿಳಿಸಿದೆ, ಮುಖಂಡರು ಮಾನಪತ್ರವನ್ನೂ ಕೊಟ್ಟರು ಅಂತ ಹೂಡಿನ್ ಬರೆದುಕೊಂಡಿದ್ದಾನೆ. ಇರಬಹುದು. ಆದರೆ ಟೊರೀನಿಯ ಕತೆ ಬರೆದ ಲೇಖನಿಯೇ ಇದನ್ನೂ ಬರೆದಿದ್ದು. ಟಿಕೆಟ್ ಕೊಟ್ಟು ಬಂದು ಕೂತ ಪ್ಯಾರಿಸ್ಸಿನವರಿಗೆ ತಾವು ಮೋಸ ಹೋಗೋಕೇ ಬಂದಿದ್ದೀವಿ ಅಂತ ಗೊತ್ತಿತ್ತು. ಆ ಯುವಕನಿಗೆ ಗೊತ್ತಿರಲಿಲ್ಲ. 150 ಕಟ್ಟಿನಲ್ಲಿ ಚುಕ್ಕೆ ಹುಡುಕಿದವನಿಗೆ ಈ ವ್ಯತ್ಯಾಸ ಕಾಣಲಿಲ್ಲವಾ ಅಂತ ನನಗೆ ಬೇಜಾರು.

ಹಳ್ಳಿಮನೆಯ ಕತೆಗಳು ಹಗುರ. ಗೇಟು ತೆರೆದರೆ ಮನೆಯೊಳಗೆ ಗಂಟೆ ಬಾರಿಸಿ, ಎಷ್ಟು ಜನ ಬಂದರು ಅಂತಲೂ ಊಹಿಸಬಹುದಿತ್ತು. ಮನೆಯ ಗಡಿಯಾರಗಳೆಲ್ಲ ಒಂದೇ ಗಡಿಯಾರಕ್ಕೆ ತಂತಿಯಲ್ಲಿ ಜೋಡಣೆ. ಹಸಿವಾದರೆ ಎಲ್ಲವನ್ನೂ ಮುಂದಕ್ಕೆ ಓಡಿಸಿ ಊಟದ ಹೊತ್ತು ಬೇಗ ತರಿಸಿಕೊಳ್ತಿದ್ದ. ಲಾಯದ ಆಳು ಕುದುರೆಯ ಓಟ್ಸ್ ಮಾರಿಕೊಳ್ತಿದ್ದಾನೆ ಅಂತ ಗೊತ್ತಾದಾಗ, ಹೊತ್ತಿಗೆ ಸರಿಯಾಗಿ ತಾನೇ ಮೇವು ಸುರಿಯುವ ವಿದ್ಯುತ್ ವ್ಯವಸ್ಥೆ ಮಾಡಿದ. ಲಾಯದ ಬಾಗಿಲು ಬೀಗ ಹಾಕಿದ್ದರೆ ಮಾತ್ರ ಮೇವು ಬೀಳುತ್ತಿತ್ತು. 1860ರ ದಶಕದಲ್ಲಿ ಕಣ್ಣಿನ ಒಳಗನ್ನು ತಾನೇ ನೋಡಿಕೊಳ್ಳುವ ಉಪಕರಣಗಳನ್ನೂ ಮಾಡಿದ.

1870ರಲ್ಲಿ ಪ್ರಷ್ಯಾ ಜೊತೆ ಯುದ್ಧ ಬಂತು. ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದ ಮಗ ಯೂಜೀನ್ ಆಗಸ್ಟಿನ ವೋರ್ತ್ ಕಾಳಗದಲ್ಲಿ ಗಾಯಗೊಂಡು ಸತ್ತ. ಶತ್ರುಸೈನ್ಯ ಬ್ಲ್ವಾ ಕಡೆ ಬಂದಾಗ ಹೂಡಿನ್ ಮನೆಯವರನ್ನು ಹತ್ತಿರದ ಗುಹೆಯೊಂದರಲ್ಲಿ ಅಡಗಿಸಿದ. 1871ರ ಜೂನ್ 13ರಂದು ನ್ಯುಮೋನಿಯಾದಿಂದ ತೀರಿಕೊಂಡ. ವಯಸ್ಸು 65.

1890ರ ದಶಕದಲ್ಲಿ ಎರಿಕ್ ವೈಸ್ ಎಂಬ ಹುಡುಗ ಹೂಡಿನ್ ಆತ್ಮಕತೆ ಓದಿ ಮರುಳಾಗಿ, ಹೆಸರಿನ ಕೊನೆಗೊಂದು ಇ ಸೇರಿಸಿ ಹೂಡಿನಿಯಾದ. ಅದೇ ಹೂಡಿನಿ 1908ರಲ್ಲಿ ತನ್ನ ಮಾನಸಗುರುವಿನ ಮುಖವಾಡ ಕಳಚುತ್ತೇನೆ ಅಂತ ಪುಸ್ತಕ ಬರೆದು, ಅವನ ಆಟಗಳೆಲ್ಲ ಹಿಂದಿನವರಿಂದ ಕದ್ದವು, ಕೈಚಳಕವೂ ಸಾಧಾರಣ ಅಂತ ಬೈದ. ಅದರಲ್ಲಿ ಸ್ವಲ್ಪ ನಿಜ, ಬಹಳಷ್ಟು ಮುನಿಸು. ಪ್ಯಾರಿಸ್ಸಿನ ರಂಗಮಂದಿರವನ್ನು 1888ರಲ್ಲಿ ಜಾರ್ಜ್ ಮೆಲಿಯೆಸ್ ಕೊಂಡುಕೊಂಡ. ಎಂಟು ವರ್ಷದ ನಂತರ ಅದರೊಳಗೆ ಸಿನಿಮಾ ಪರದೆ ಬಂತು. ಮನುಷ್ಯರನ್ನು ಮಾಯ ಮಾಡೋಕೆ ಫಿಲ್ಮಿನ ತುಂಡು ಕತ್ತರಿಸಿ ಅಂಟಿಸಿದರೆ ಸಾಕು ಅಂತ ಮೆಲಿಯೆಸ್ ಕಂಡುಕೊಂಡಿದ್ದು ಆಮೇಲೆ.